ಹಡಗಿನಲ್ಲಿ ಊಟ ಎಲ್ಲಿ, ಉಡುವುದೇನು?

ಮೊದಲ ಸಲ ಕ್ರೂಸ್ ಹೊರಟಿರುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಊಟದ್ದು, ಉಳಿದವು ಬಟ್ಟೆಯವು. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ. ನಿಯಮಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಟಿಕೆಟ್ ಕೈಗೆ ಬಂದ ಮೇಲೆ ನಿಮ್ಮ ಹಡಗಿನ ಊಟ ಮತ್ತು ಉಡುಪಿನ ಪುಟವನ್ನು ಒಮ್ಮೆ ಓದಿಕೊಳ್ಳಿ.

ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ಊಟ ಎಲ್ಲ ಸೇರಿದೆ ಎಂದು ಏಜೆಂಟ್ ಹೇಳಿದ್ದಾರೆ. ನಿಜವಾಗಿ ಎಲ್ಲವೂ ಸೇರಿರುತ್ತದೆಯೇ?
— ಓದುಗರೊಬ್ಬರು, ದಾವಣಗೆರೆ

ಹೊಟ್ಟೆ ತುಂಬ ಊಟ ಸೇರಿರುತ್ತದೆ, ಬಾಯಿಗೆ ಬಂದದ್ದೆಲ್ಲ ಸೇರಿರುವುದಿಲ್ಲ. ದೊಡ್ಡ ಹಡಗುಗಳಲ್ಲಿ ಟಿಕೆಟ್ ಹಣಕ್ಕೆ ಮೂರು ಕಡೆ ಊಟ ಸಿಗುತ್ತದೆ. ಮೇಜಿಗೆ ತಂದು ಬಡಿಸುವ ಮುಖ್ಯ ಡೈನಿಂಗ್ ಹಾಲ್, ಮೇಲಿನ ಡೆಕ್ಕಿನ ಬಫೆ, ಪಿಜ್ಜಾದಂಥದ್ದನ್ನು ಕೊಡುವ ಸಣ್ಣ ಕೌಂಟರ್‌ಗಳು. ಬಫೆಯಲ್ಲಿ ನಲ್ಲಿಯಿಂದ ಬರುವ ನೀರು, ಸಾದಾ ಚಹಾ, ಸಾದಾ ಕಾಫಿಗೆ ದುಡ್ಡಿಲ್ಲ. ಬಾಟಲಿ ನೀರು, ಕೋಲಾ, ಕೆಫೆಯ ಕಾಪುಚಿನೊ, ಮದ್ಯ ಇವಕ್ಕೆ ಬೇರೆ ಬಿಲ್ ಬರುತ್ತದೆ. ಜಪಾನಿ, ಇಟಾಲಿಯನ್, ಸ್ಟೇಕ್ ಎಂದು ಬೋರ್ಡ್ ಹಾಕಿಕೊಂಡ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳೂ ಹಾಗೆಯೇ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಇಂಥ ಬಿಲ್ ಮೇಲೆ ಶೇ. 18 ಟಿಪ್ಸ್ ತಾನಾಗಿಯೇ ಸೇರುತ್ತದೆ.

ಹಲವರ ಲೆಕ್ಕ ತಪ್ಪುವುದು ದಿನದ ಟಿಪ್ಸ್‌ನಲ್ಲಿ. ಸಾಮಾನ್ಯ ಕ್ಯಾಬಿನ್ನಿಗೆ ತಲೆಗೆ, ದಿನಕ್ಕೆ 18 ಅಮೆರಿಕನ್ ಡಾಲರಿನ ಆಸುಪಾಸು ಎಂದಿಟ್ಟುಕೊಳ್ಳಿ. ಹಲವು ಕಂಪನಿಗಳಲ್ಲಿ ಮಕ್ಕಳಿಗೂ ಇದು ಅನ್ವಯಿಸುತ್ತದೆ. ನಾಲ್ಕು ಜನ, ನಾಲ್ಕು ರಾತ್ರಿ ಎಂದರೆ 288 ಡಾಲರ್. ಈ ಮೊತ್ತ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಏಜೆಂಟರಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಹಡಗಿನಲ್ಲಿ ನೋಟು ನಡೆಯುವುದಿಲ್ಲ, ಎಲ್ಲ ಖರ್ಚೂ ಕ್ಯಾಬಿನ್ ಕಾರ್ಡಿಗೆ ಬರೆದುಕೊಂಡು ಕೊನೆಗೆ ನಿಮ್ಮ ಬ್ಯಾಂಕ್ ಕಾರ್ಡಿನಿಂದ ಹೋಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನು ಆನ್ ಮಾಡಿಕೊಳ್ಳಿ. ಸಾಧ್ಯವಿದ್ದರೆ ಡೆಬಿಟ್ ಕಾರ್ಡ್ ಬದಲು ಕ್ರೆಡಿಟ್ ಕಾರ್ಡ್ ಕೊಡಿ. ಹಡಗಿನವರು ಮುಂಗಡವಾಗಿ ತಡೆಹಿಡಿಯುವ ಮೊತ್ತ ಡೆಬಿಟ್ ಕಾರ್ಡಿನಲ್ಲಾದರೆ ನಿಮ್ಮ ಖಾತೆಯ ಹಣವೇ ಆಗಿರುತ್ತದೆ. ಅದು ಬಿಡುಗಡೆಯಾಗಲು ದಿನಗಟ್ಟಲೆ ಹಿಡಿಯಬಹುದು.

ಬುಕಿಂಗ್ ಫಾರ್ಮಿನಲ್ಲಿ ಊಟಕ್ಕೆ ಮೊದಲ ಪಾಳಿ, ಎರಡನೇ ಪಾಳಿ, ಬೇಕಾದಾಗ ಎಂಬ ಮೂರು ಆಯ್ಕೆಗಳಿವೆ. ಯಾವುದು ಒಳ್ಳೆಯದು?
— ಒಂಬತ್ತು ಜನರ ಕುಟುಂಬ, ಹುಬ್ಬಳ್ಳಿ

ಇದು ರಾತ್ರಿಯೂಟಕ್ಕೆ ಮಾತ್ರ. ಮೊದಲ ಪಾಳಿ ಸಂಜೆ ಐದೂವರೆಯ ಸುಮಾರಿಗೆ, ಎರಡನೆಯದು ಎಂಟರ ಸುಮಾರಿಗೆ. ಎರಡರಲ್ಲೂ ದಿನವೂ ಅದೇ ಮೇಜು, ಅದೇ ವೇಟರ್. ಬೇಕಾದಾಗ ಹೋಗುವ ಆಯ್ಕೆಯಲ್ಲಿ ಹೊತ್ತು ನಿಮ್ಮದು. ಆದರೆ ಒಂಬತ್ತು ಜನರಿಗೆ ಒಟ್ಟಿಗೆ ಮೇಜು ಖಾಲಿಯಾಗುವವರೆಗೆ ಕಾಯಬೇಕಾಗುತ್ತದೆ, ದಿನಕ್ಕೊಬ್ಬ ವೇಟರ್ ಬರುತ್ತಾರೆ.

ಸಸ್ಯಾಹಾರಿಗಳಿಗೆ, ಅಲರ್ಜಿ ಇರುವವರಿಗೆ, ದೊಡ್ಡ ಕುಟುಂಬಕ್ಕೆ ನಿಗದಿತ ಪಾಳಿಯೇ ಮೇಲು. ಮೊದಲ ದಿನ ಹೇಳಿದ್ದನ್ನು ಎರಡನೇ ದಿನ ಮತ್ತೆ ಹೇಳಬೇಕಾಗಿಲ್ಲ. ಐದೂವರೆಗೆ ಊಟಕ್ಕೆ ಕುಳಿತರೆ ನಮ್ಮವರಿಗೆ ಒಂಬತ್ತಕ್ಕೆ ಮತ್ತೆ ಹಸಿವಾಗುತ್ತದೆ. ಊರು ನೋಡಿ ಹಡಗಿಗೆ ಹಿಂದಿರುಗುವುದೇ ಐದು ಗಂಟೆಗಾದರೆ ಸ್ನಾನಕ್ಕೂ ಹೊತ್ತಿರುವುದಿಲ್ಲ. ತೀರಾ ಚಿಕ್ಕ ಮಕ್ಕಳಿಲ್ಲದಿದ್ದರೆ ಎರಡನೇ ಪಾಳಿ ಆರಿಸಿ. ನೀವು ಬೇರೆ ಬೇರೆ ಬುಕಿಂಗ್ ಮಾಡಿದ್ದರೆ ಎಲ್ಲ ನಂಬರುಗಳನ್ನೂ ಒಂದಕ್ಕೊಂದು ಜೋಡಿಸಲು ಏಜೆಂಟರಿಗೆ ಹೇಳಿ. ಇಲ್ಲದಿದ್ದರೆ ಹಾಲಿನ ಎರಡು ತುದಿಗಳಲ್ಲಿ ಕೂರುತ್ತೀರಿ.

ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಏಳು ದಿನ ಬ್ರೆಡ್, ಹಣ್ಣಿನಲ್ಲೇ ಕಳೆಯಬೇಕೇ?
— ಗೃಹಿಣಿ, ಉಡುಪಿ

ಬೇಕಾಗಿಲ್ಲ. ಆದರೆ ಮೂರು ಹಂತದಲ್ಲಿ ಹೇಳಬೇಕು, ಪ್ರತಿ ಹಂತದಲ್ಲೂ ಬಿಡಿಸಿ ಹೇಳಬೇಕು.

ಮೊದಲನೆಯದು ಬುಕಿಂಗ್ ಹೊತ್ತಿನಲ್ಲಿ. ರಾಯಲ್ ಕೆರಿಬಿಯನ್ ವಿಶೇಷ ಆಹಾರದ ಕೋರಿಕೆಯನ್ನು 45 ದಿನ ಮೊದಲೇ ಕೇಳುತ್ತದೆ, ಯುರೋಪ್ ಯಾನಗಳಿಗೆ 90 ದಿನ. ಬೇರೆ ಕಂಪನಿಯಾದರೂ ಇದೇ ಲೆಕ್ಕ ಇಟ್ಟುಕೊಂಡರೆ ಮೋಸವಿಲ್ಲ. ಎರಡನೆಯದು ಹಡಗು ಹತ್ತಿದ ಮಧ್ಯಾಹ್ನ. ಡೈನಿಂಗ್ ಹಾಲಿಗೆ ಹೋಗಿ ಮೇಲ್ವಿಚಾರಕರನ್ನು ಕಂಡು, ಬರೆದ ಚೀಟಿ ಕೊಡಿ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಪ್ರತಿ ರಾತ್ರಿ ಊಟ ಮುಗಿದ ಮೇಲೆ ಹೆಡ್ ವೇಟರ್ ಬಳಿ ಮರುದಿನದ ಮೆನು ಕೇಳಿ, ನಾಳೆಯ ನಿಮ್ಮ ತಟ್ಟೆಯಲ್ಲಿ ಏನಿರಬೇಕೆಂದು ಆಗಲೇ ಹೇಳಿಬಿಡಿ. ಸಾವಿರಾರು ಜನರ ಅಡುಗೆಗೆ ಸಾರು, ಸಾಸುಗಳೆಲ್ಲ ಹಗಲಿನಲ್ಲೇ ದೊಡ್ಡ ಪಾತ್ರೆಗಳಲ್ಲಿ ಸಿದ್ಧವಾಗಿರುತ್ತವೆ. ರಾತ್ರಿ ಎಂಟಕ್ಕೆ ಮೇಜಿನಲ್ಲಿ ಕುಳಿತು ಹೇಳಿದರೆ ಅವರು ಮಾಡಬಹುದಾದದ್ದು ಬೇಯಿಸಿದ ತರಕಾರಿ ಮಾತ್ರ. ಹಿಂದಿನ ರಾತ್ರಿಯೇ ಹೇಳಿದರೆ ಬೇಳೆ, ಅನ್ನ, ಒಂದು ಪಲ್ಯ, ರೊಟ್ಟಿ ಮಾಡಿಕೊಡುತ್ತಾರೆ. ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಭಾರತೀಯ ಬಾಣಸಿಗರು ಸಾಮಾನ್ಯವಾಗಿ ಇರುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು ಬೇಕಾದರೆ ಜೈನ್ ಫುಡ್ ಎನ್ನಿ, ಅವರಿಗೆ ತಟ್ಟನೆ ಅರ್ಥವಾಗುತ್ತದೆ. ಆಗ ಆಲೂಗಡ್ಡೆ, ಕ್ಯಾರೆಟ್ ಕೂಡ ಬಿಟ್ಟುಹೋಗುತ್ತವೆ. ಅತ್ತೆಯವರಿಗೆ ಅವು ಆಗುವುದಾದರೆ ಅದನ್ನೂ ಹೇಳಿ.

ಚೀಟಿಯಲ್ಲಿ ಬರೀ ವೆಜಿಟೇರಿಯನ್ ಎಂದು ಬರೆದರೆ ಸಾಲದು. ನೋ ಮೀಟ್, ನೋ ಫಿಶ್, ನೋ ಎಗ್, ನೋ ಚಿಕನ್ ಸ್ಟಾಕ್, ನೋ ಜೆಲಾಟಿನ್ ಎಂದು ಒಂದೊಂದಾಗಿ ಬರೆಯಿರಿ. ಕಣ್ಣಿಗೆ ತರಕಾರಿಯಾಗಿ ಕಂಡರೂ ಒಳಗೆ ಬೇರೆಯಾಗಿರುವ ತಿನಿಸುಗಳು ಹಡಗಿನ ಮೆನುವಿನಲ್ಲಿ ಹಲವಿವೆ. ಫ್ರೆಂಚ್ ಆನಿಯನ್ ಸೂಪಿಗೆ ಸಾಮಾನ್ಯವಾಗಿ ದನದ ಮೂಳೆಯ ಸಾರು ಹಾಕುತ್ತಾರೆ. ರಿಸೊಟ್ಟೊ ಎಂಬ ಇಟಾಲಿಯನ್ ಅನ್ನ ಹೆಚ್ಚಾಗಿ ಕೋಳಿ ಸಾರಿನಲ್ಲಿ ಬೆಂದಿರುತ್ತದೆ. ಸೀಸರ್ ಸಲಾಡಿನ ಡ್ರೆಸ್ಸಿಂಗ್‌ನಲ್ಲಿ ಆ್ಯಂಚೊವಿ ಮೀನು, ಥಾಯ್ ಕರಿಯಲ್ಲಿ ಮೀನಿನ ಸಾಸ್ ಅಥವಾ ಸೀಗಡಿ ಪೇಸ್ಟ್ ಇರುತ್ತದೆ. ಪಾರ್ಮೆಜಾನ್ ಚೀಸ್ ಹೆಪ್ಪಾಗುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಪೆಸ್ಟೊದಲ್ಲೂ ಅದೇ ಚೀಸ್. ಜೆಲ್ಲಿ, ಪನ್ನಾ ಕೋಟಾ, ಹಲವು ಮೂಸ್‌ಗಳು ಗಟ್ಟಿಯಾಗುವುದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಾಟಿನ್‌ನಿಂದ. ಫ್ರೆಂಚ್ ಫ್ರೈಸ್ ಅನ್ನು ಮೀನು ಕರಿದ ಎಣ್ಣೆಯಲ್ಲೇ ಕರಿದಿರಬಹುದು.

ಮೊಟ್ಟೆಯ ವಿಷಯದಲ್ಲಿ ಒಂದು ಸುಲಭ ದಾರಿಯಿದೆ. ಮೆನುವಿನಲ್ಲಿ ವೀಗನ್ ಗುರುತಿರುವುದನ್ನು ಆರಿಸಿ, ಅದರಲ್ಲಿ ಹಾಲೂ ಇಲ್ಲ, ಮೊಟ್ಟೆ ಖಂಡಿತ ಇಲ್ಲ. ಮೊಸರು, ಬೆಣ್ಣೆಯನ್ನು ಪಕ್ಕದಲ್ಲಿ ಬೇರೆಯಾಗಿ ತರಿಸಿಕೊಳ್ಳಿ. ಮೇಲ್ಭಾಗ ಹೊಳೆಯುವ ಬನ್, ಕ್ರೋಸಾಂಗಳಿಗೆ ಸಾಮಾನ್ಯವಾಗಿ ಮೊಟ್ಟೆ ಸವರಿರುತ್ತಾರೆ. ತಾಜಾ ಪಾಸ್ತಾದಲ್ಲಿ ಮೊಟ್ಟೆ ಸಾಮಾನ್ಯ, ಒಣ ಪಾಸ್ತಾದಲ್ಲಿ ವಿರಳ. ಬಫೆಗೆ ಬಾಗಿಲು ತೆರೆದ ಮೊದಲ ಹದಿನೈದು ನಿಮಿಷದೊಳಗೆ ಹೋಗಿ. ಆಮೇಲೆ ಒಂದು ಪಾತ್ರೆಯ ಇಕ್ಕಳ ಇನ್ನೊಂದಕ್ಕೆ ಹೋಗಿರುತ್ತದೆ. ಬಾಗಿಲಲ್ಲಿ ಕೈ ತೊಳೆಯಲು ಸಿಂಕ್ ಇದ್ದರೆ ಸೋಪು ಹಚ್ಚಿಯೇ ತೊಳೆಯಿರಿ. ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೊರೊವೈರಸ್ ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ.

ಇನ್ನೂ ಬುಕ್ ಮಾಡಿಲ್ಲವಾದರೆ ಹಡಗನ್ನೇ ನೋಡಿ ಆರಿಸಿ. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್‌ನಲ್ಲಿ ಭಾರತೀಯ ಸಸ್ಯಾಹಾರಕ್ಕೂ ಹಲಾಲ್ ಊಟಕ್ಕೂ ವ್ಯವಸ್ಥೆಯಿದೆ. ಭಟ್ಕಳದಿಂದ ಹಲಾಲ್ ಬಗ್ಗೆ ಕೇಳಿದವರಿಗೂ ಇದೇ ಉತ್ತರ.

ಅಕ್ಕಿ, ಚಿಕ್ಕ ಕುಕ್ಕರ್, ಚಟ್ನಿಪುಡಿ, ಚಕ್ಕುಲಿ ಒಯ್ಯಬಹುದೇ?
— ಹಿರಿಯ ನಾಗರಿಕರು, ಬೆಂಗಳೂರು

ಕುಕ್ಕರ್ ಬೇಡ. ರೈಸ್ ಕುಕ್ಕರ್, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ನೀರಿಗೆ ಬಿಡುವ ಕಾಯಿಲ್, ಹೀಗೆ ಕಾಯುವ ಯಾವುದನ್ನೂ ಕ್ಯಾಬಿನ್ನಿಗೆ ಬಿಡುವುದಿಲ್ಲ. ನಡುಸಮುದ್ರದಲ್ಲಿ ಬೆಂಕಿಯಷ್ಟು ದೊಡ್ಡ ಭಯ ಇನ್ನೊಂದಿಲ್ಲ. ಸ್ಕ್ಯಾನರ್‌ನಲ್ಲಿ ಕಂಡರೆ ಪೆಟ್ಟಿಗೆಯನ್ನೇ ತಡೆಹಿಡಿಯುತ್ತಾರೆ, ವಸ್ತು ಯಾನ ಮುಗಿದ ಮೇಲೆ ಕೈಗೆ ಬರುತ್ತದೆ.

ಮನೆಯಲ್ಲಿ ಮಾಡಿದ ತಿಂಡಿಯನ್ನು ಹಲವು ಕಂಪನಿಗಳು ಒಪ್ಪುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ಟಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿಯ ಚಿಕ್ಕ ಸ್ಯಾಷೆ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್, ಇನ್‌ಸ್ಟಂಟ್ ಕಾಫಿಪುಡಿ ಇವೇ ಸಾಕು. ಬಿಸಿನೀರು ಬಫೆಯಲ್ಲಿ ಸದಾ ಸಿಗುತ್ತದೆ, ಒಂದು ಫ್ಲಾಸ್ಕ್ ಇಟ್ಟುಕೊಳ್ಳಿ. ಆದರೆ ಬಫೆಯ ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು ದಡಕ್ಕಿಳಿಯಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದ ಬಂದರುಗಳಲ್ಲಿ ಹಣ್ಣಿನ ತಪಾಸಣೆ ಕಟ್ಟುನಿಟ್ಟು, ದಂಡವೂ ದೊಡ್ಡದು.

ವಿಶೇಷ ಉಡುಪಿನಲ್ಲಿ ಊಟಕ್ಕೆ ಹೋಗುವ ಫಾರ್ಮಲ್ ನೈಟ್‌ಗೆ ಗೌನು, ಕೋಟೇ ಬೇಕೇ? ರೇಷ್ಮೆ ಸೀರೆ, ಪಂಚೆ ನಡೆಯುತ್ತದೆಯೇ?
— ದಂಪತಿ, ಮೈಸೂರು

ಸೀರೆಗೆ ಯಾವ ಹಡಗಿನಲ್ಲೂ ಅಡ್ಡಿಯಿಲ್ಲ. ಉಡುಪಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟೆಂದು ಹೆಸರಾದ ಕ್ಯೂನಾರ್ಡ್ ಕಂಪನಿ ಕೂಡ ಗಾಲಾ ಎಂಬ ತನ್ನ ಫಾರ್ಮಲ್ ಸಂಜೆಗಳಿಗೆ ಟಕ್ಸಿಡೊ, ಕಡುಬಣ್ಣದ ಸೂಟ್ ಜೊತೆಗೆ ರಾಷ್ಟ್ರೀಯ ಉಡುಪನ್ನೂ ಒಪ್ಪುತ್ತದೆ. ಸಾಮಾನ್ಯವಾಗಿ ಮೂರು–ಐದು ರಾತ್ರಿಯ ಯಾನದಲ್ಲಿ ಒಂದು ಫಾರ್ಮಲ್ ನೈಟ್, ಏಳು ರಾತ್ರಿಯದರಲ್ಲಿ ಎರಡು. ನಾರ್ವೀಜಿಯನ್ ಕ್ರೂಸ್ ಲೈನ್ ಎಂಬ ಕಂಪನಿಯಲ್ಲಿ ಅದು ಕಡ್ಡಾಯವೇ ಅಲ್ಲ. ಕಡ್ಡಾಯ ಇರುವಲ್ಲೂ ಅದು ಹೆಚ್ಚಿನ ಹಡಗುಗಳಲ್ಲಿ ಮುಖ್ಯ ಡೈನಿಂಗ್ ಹಾಲಿಗೆ ಸೀಮಿತ. ಉಡುವ ಮನಸ್ಸಿಲ್ಲದ ದಿನ ಬಫೆಗೆ ಹೋದರೆ ಯಾರೂ ಕೇಳುವುದಿಲ್ಲ.

ಆದರೆ ಎಂಥ ಸೀರೆ ಎನ್ನುವುದು ಮುಖ್ಯ. ಇಸ್ತ್ರಿಪೆಟ್ಟಿಗೆ ಇಲ್ಲದ ಜಾಗಕ್ಕೆ ನಿಮ್ಮೂರಿನ ಮೈಸೂರು ಸಿಲ್ಕ್ ಕ್ರೇಪ್‌ಗಿಂತ ಒಳ್ಳೆಯದು ಸಿಗದು. ಹಗುರ, ಸುಕ್ಕು ಕಡಿಮೆ, ಪೆಟ್ಟಿಗೆಯಲ್ಲಿ ಹಿಡಿಯಷ್ಟು ಜಾಗ. ಕಂಚಿಯ ದಪ್ಪ ಸೀರೆ, ಗಂಜಿ ಹಾಕಿದ ಕಾಟನ್ ಎರಡನ್ನೂ ಮನೆಯಲ್ಲಿ ಬಿಡಿ. ಮಡಿಸುವ ಬದಲು ತೆಳು ಹತ್ತಿ ಬಟ್ಟೆಯೊಡನೆ ಸುರುಳಿ ಸುತ್ತಿ. ಕ್ಯಾಬಿನ್ ತಲುಪಿದ ಕೂಡಲೇ ಹ್ಯಾಂಗರಿಗೆ ಹಾಕಿದರೆ ಸಂಜೆಗೆ ಗೆರೆ ಇಳಿದಿರುತ್ತದೆ. ಹಡಗು ಓಲಾಡುವಾಗ ಮೆಟ್ಟಿಲಿಳಿಯುವಾಗ ನೆರಿಗೆ ಕಾಲಿಗೆ ಸಿಗುವ ಅಪಾಯವಿದೆ, ಸೀರೆಯನ್ನು ಕಣಕಾಲು ಕಾಣುವಷ್ಟು ಒಂದು ಬೆರಳು ಮೇಲೆ ಉಡಿ. ಚಪ್ಪಲಿಯ ಹಿಮ್ಮಡಿ ಚಪ್ಪಟೆಯಾಗಿರಲಿ. ತೆರೆದ ಡೆಕ್ಕಿನಲ್ಲಿ ಗಾಳಿಯ ರಭಸ ಹೆಚ್ಚು, ಸೆರಗನ್ನು ಭುಜದಲ್ಲಿ ಒಂದು, ಸೊಂಟದಲ್ಲಿ ಒಂದು ಪಿನ್ ಹಾಕಿ ನಿಲ್ಲಿಸಿ. ಹಾಲಿನೊಳಗೆ ಎ.ಸಿ. ಚಳಿ ಇರುತ್ತದೆ, ಒಂದು ಶಾಲು ಜೊತೆಗಿರಲಿ.

ಗಂಡಸರಿಗೆ ಬಂದ್‌ಗಲಾ ಕೋಟು, ಪ್ಯಾಂಟು, ಮುಚ್ಚಿದ ಶೂ ಎಂದರೆ ಎಲ್ಲೂ ಪ್ರಶ್ನೆ ಬರುವುದಿಲ್ಲ. ಟೈ ಕೂಡ ಬೇಕಿಲ್ಲ. ಜರಿ ಅಂಚಿನ ರೇಷ್ಮೆ ಪಂಚೆ, ಶಲ್ಯ ಉಡುವ ಇಷ್ಟವಿದ್ದರೆ ಖಂಡಿತ ಉಡಿ, ಕಚ್ಚೆ ಹಾಕಿದರೆ ನಡೆಯಲೂ ಸಲೀಸು. ಬಾಗಿಲಲ್ಲಿ ನಿಲ್ಲುವವರಿಗೆ ಇದು ಹೊಸದಾಗಿರಬಹುದು. ಆದ್ದರಿಂದ ಕಂಪನಿಗೆ ಮೊದಲೇ ಒಂದು ಇ-ಮೇಲ್ ಮಾಡಿ, ಬಂದ ಉತ್ತರವನ್ನು ಫೋನಿನಲ್ಲಿಟ್ಟುಕೊಳ್ಳಿ. ಲುಂಗಿ ಮಾತ್ರ ಬೇಡ.

ಹದಿನಾರು ವರ್ಷದ ಮಗ ಬರ್ಮುಡಾ ಬಿಟ್ಟು ಬೇರೇನೂ ಹಾಕುವುದಿಲ್ಲ. ಪರವಾಗಿಲ್ಲವೇ?
— ತಂದೆ, ಶಿವಮೊಗ್ಗ

ಹಗಲಿಡೀ ಪರವಾಗಿಲ್ಲ. ಫಾರ್ಮಲ್ ನೈಟ್ ಅಲ್ಲದ ರಾತ್ರಿ ಡೈನಿಂಗ್ ಹಾಲಿಗೆ ಹರಿದ ವಿನ್ಯಾಸವಿಲ್ಲದ ಜೀನ್ಸ್, ಕಾಲರ್ ಇರುವ ಟೀ ಶರ್ಟ್ ಸಾಕು. ತೋಳಿಲ್ಲದ ಬನಿಯನ್, ಹವಾಯಿ ಚಪ್ಪಲಿ, ಈಜುಡುಗೆಗೆ ಅಲ್ಲಿ ಪ್ರವೇಶವಿಲ್ಲ. ಒದ್ದೆ ಬಟ್ಟೆಯಲ್ಲಿ, ಬರಿಗಾಲಿನಲ್ಲಿ ಬಫೆಗೂ ಬಿಡುವುದಿಲ್ಲ.

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗಿನಲ್ಲೂ ಇಷ್ಟೆಲ್ಲ ಕಟ್ಟುಪಾಡು ಇದೆಯೇ?
— ಓದುಗರೊಬ್ಬರು, ಕಾರವಾರ

ಇಲ್ಲ. ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗಿನಲ್ಲಿ ಬಹುತೇಕ ಪ್ರಯಾಣಿಕರು ನಮ್ಮವರೇ. ಊಟ ಭಾರತೀಯ ರುಚಿಯದು, ಜೈನ ಊಟವೂ ಉಂಟು. ಸಂಜೆಗೆ ಒಂದು ಒಳ್ಳೆಯ ಸಲ್ವಾರ್, ಗಂಡಸರಿಗೆ ಪ್ಯಾಂಟು ಶರ್ಟು ಸಾಕು. ಕೋಟು ಹೊತ್ತೊಯ್ಯಬೇಡಿ.

ಅಪ್ಪನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಊಟದ ಹೊತ್ತು ಹೇಗೆ ಹೊಂದಿಸುವುದು?
— ಮಗಳು, ತುಮಕೂರು

ಮೇಜಿಗೆ ಬಡಿಸುವ ರಾತ್ರಿಯೂಟ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಕುಳಿತು ಅರ್ಧ ಗಂಟೆಯಾದರೂ ಮುಖ್ಯ ತಟ್ಟೆ ಬಂದಿರುವುದಿಲ್ಲ. ಕ್ಯಾಬಿನ್ನಿನಲ್ಲೇ ಇಂಜೆಕ್ಷನ್ ಮುಗಿಸಿ ಹೊರಟರೆ ಊಟ ಬರುವಷ್ಟರಲ್ಲಿ ಸಕ್ಕರೆ ಇಳಿದುಬಿಡಬಹುದು. ವೈದ್ಯರನ್ನು ಕೇಳಿ, ತಟ್ಟೆ ಎದುರಿಗೆ ಬಂದ ಮೇಲೆ ತೆಗೆದುಕೊಳ್ಳಬಹುದೇ ಎಂದು ತಿಳಿದುಕೊಳ್ಳಿ. ಅಪ್ಪನ ತಟ್ಟೆಯನ್ನು ಮೊದಲು ತರಲು ವೇಟರಿಗೂ ಹೇಳಿಡಿ. ಬಳಸಿದ ಸೂಜಿ ಹಾಕುವ ಡಬ್ಬಿಯನ್ನು ಕ್ಯಾಬಿನ್ ಸಿಬ್ಬಂದಿಯನ್ನು ಕೇಳಿದರೆ ಕೊಡುತ್ತಾರೆ. ಕೋಣೆಯ ಮಿನಿಬಾರ್ ಹಲವು ಹಡಗುಗಳಲ್ಲಿ ಫ್ರಿಜ್‌ನಷ್ಟು ತಣ್ಣಗಿರುವುದಿಲ್ಲ, ಔಷಧಕ್ಕೆ ಸರಿಯಾದ ಫ್ರಿಜ್ ಬೇಕೆಂದು ಬುಕಿಂಗ್‌ನಲ್ಲೇ ತಿಳಿಸಿ.

ಹತ್ತುವ ದಿನ, ಇಳಿಯುವ ದಿನ ಬಟ್ಟೆ ಬಗ್ಗೆ ಏನಾದರೂ ಗಮನಿಸಬೇಕೇ? ನಮ್ಮದು ದುಬೈನಿಂದ ಹೊರಡುವ ಯಾನ.
— ಓದುಗರೊಬ್ಬರು, ಬೆಳಗಾವಿ

ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆ ಕ್ಯಾಬಿನ್ ಬಾಗಿಲಿಗೆ ಬರಲು ಸಂಜೆಯಾಗಬಹುದು. ಔಷಧ, ಪಾಸ್‌ಪೋರ್ಟ್, ರಾತ್ರಿಯೂಟಕ್ಕೆ ಒಂದು ಜೊತೆ ಬಟ್ಟೆ, ಈಜುಡುಗೆ ಕೈಚೀಲದಲ್ಲಿರಲಿ. ಮೊದಲ ರಾತ್ರಿ ಸಾಮಾನ್ಯವಾಗಿ ಸಾದಾ ಉಡುಪಿನದೇ. ಕೊನೆಯ ರಾತ್ರಿ ಇದರ ತಿರುಗುಮುರುಗು. ಪೆಟ್ಟಿಗೆಯನ್ನು ಮಲಗುವ ಮುನ್ನ ಬಾಗಿಲಾಚೆ ಇಡಬೇಕು, ಮರುದಿನ ಅದು ಸಿಗುವುದು ಬಂದರಿನಲ್ಲೇ. ಬೆಳಗ್ಗೆ ಹಾಕುವ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್ ತೆಗೆದಿಟ್ಟುಕೊಂಡೇ ಜಿಪ್ ಎಳೆಯಿರಿ.

ಅಬುಧಾಬಿಯ ಶೇಖ್ ಜಾಯೆದ್ ಮಸೀದಿ, ಮಸ್ಕತ್‌ನ ಸುಲ್ತಾನ್ ಖಾಬೂಸ್ ಮಸೀದಿ ನೋಡುವುದಾದರೆ ಹೆಂಗಸರಿಗೆ ಮಣಿಕಟ್ಟು, ಕಣಕಾಲಿನವರೆಗೆ ಮುಚ್ಚುವ ಸಡಿಲ ಬಟ್ಟೆ, ತಲೆಗೆ ವಸ್ತ್ರ ಬೇಕು. ಉದ್ದ ತೋಳಿನ ಸಲ್ವಾರ್, ಅಗಲದ ದುಪಟ್ಟಾ ಇದ್ದರೆ ಸಾಕು. ಸೀರೆಯಲ್ಲಿ ಸೊಂಟ ಕಾಣುವುದರಿಂದ ಆ ದಿನಕ್ಕೆ ಅದು ಬೇಡ. ಗಂಡಸರು ಚಡ್ಡಿಯಲ್ಲಿ ಹೋಗುವಂತಿಲ್ಲ.