ಸ್ವೀಡನ್‌ನಲ್ಲಿ ಮೂಸ್ (ಕಡವೆಗಿಂತ ದೊಡ್ಡ, ಜಿಂಕೆ ಜಾತಿಯ ಪ್ರಾಣಿ) ಬೇಟೆಯ ಮೊದಲ ಬೆಳಿಗ್ಗೆಯೇ ಒಂದು ಸಿಕ್ಕಿತಂತೆ? ಕೊಂಬು ಎಷ್ಟು ದೊಡ್ಡದಿತ್ತು, ಮಾಂಸವನ್ನೆಲ್ಲ ಏನು ಮಾಡಿದಿರಿ?

ಸಿಕ್ಕಿದ್ದು ನಿಜ, ಆದರೆ ಕೊಂಬೇ ಇರಲಿಲ್ಲ. ಹೊಡೆದದ್ದು ಮರಿಯನ್ನು. ಫೋನಿನಲ್ಲಿ ಹೇಳಿದಾಗ ನಮ್ಮಮ್ಮ "ಅಯ್ಯೋ ಪಾಪ, ದೊಡ್ಡದು ಯಾವುದೂ ಸಿಗಲಿಲ್ವಾ?" ಅಂದರು. ನಿಮಗೂ ಹಾಗೇ ಅನ್ನಿಸಬಹುದು. ತಂಡದವರಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಆರಂಭ ಬೇಕಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಕೋವಿ ನನ್ನದಲ್ಲ. ಇಲ್ಲಿ ಬೇಟೆಯ ಪರೀಕ್ಷೆ ಪಾಸಾಗಬೇಕು, ಆಮೇಲೆ ಪೊಲೀಸರಿಂದ ಲೈಸೆನ್ಸ್. ನಾನು ಎರಡನ್ನೂ ಮಾಡಿಲ್ಲ. ಸಹೋದ್ಯೋಗಿಯೊಬ್ಬನ ಊರು ಉಮಿಯೋ ನಗರದಿಂದ ಒಳನಾಡಿಗೆ ಹೋದರೆ ಸಿಗುತ್ತದೆ, ಅವನ ಪಕ್ಕ ಮರಸು ಕೂತವನು ನಾನು. ಉತ್ತರ ಸ್ವೀಡನ್‌ನಲ್ಲಿ ಬೇಟೆ ಶುರುವಾಗುವುದು ಸೆಪ್ಟೆಂಬರಿನ ಮೊದಲ ಸೋಮವಾರ, ದಕ್ಷಿಣದಲ್ಲಿ ಅಕ್ಟೋಬರಿನಲ್ಲಿ. ಆ ವಾರ ಇಲ್ಲಿ ಮೀಟಿಂಗ್ ಇಟ್ಟವನೇ ದಡ್ಡ, ಅರ್ಧ ಆಫೀಸು ಕಾಡಿನಲ್ಲಿರುತ್ತದೆ.

ಕತ್ತಲಲ್ಲೇ ಎಲ್ಲರೂ ಒಂದು ಶೆಡ್ಡಿನ ಮುಂದೆ ಸೇರಿದರು. ಬೇಟೆಯ ಯಜಮಾನಿಕೆ ವಹಿಸಿದ್ದ ಹಿರಿಯರು ಯಾರು ಎಲ್ಲಿ ಕೂರಬೇಕು, ಏನನ್ನು ಹೊಡೆಯಬಹುದು, ಯಾವ ದಿಕ್ಕಿಗೆ ಈಡು ಹಾರಿಸಲೇಬಾರದು ಎಂದು ಓದಿ ಹೇಳಿದರು. ಎಲ್ಲರಿಗೂ ಕಿತ್ತಳೆ ಬಣ್ಣದ ಟೋಪಿ. ಸೂರ್ಯೋದಯಕ್ಕೆ ಒಂದು ಗಂಟೆ ಮುಂಚಿನಿಂದ ಗುಂಡು ಹಾರಿಸಲು ಕಾನೂನಿನ ಅನುಮತಿಯಿದೆ, ಆದರೆ ಅಷ್ಟು ಹೊತ್ತಿಗೆ ಮರಗಳೇ ಕಾಣುತ್ತಿರಲಿಲ್ಲ.

ನಾವು ಹತ್ತಿ ಕೂತದ್ದು ಮರದ ಅಟ್ಟಣೆ. ಮುಂದೆ ಪೈನ್ ಕಡಿದು ಮತ್ತೆ ಸಸಿ ನೆಟ್ಟ ಬಯಲು. ನಾಯಿಯನ್ನು ದೂರದಲ್ಲಿ ಬಿಟ್ಟಿದ್ದರು. ಅದು ಯೆಮ್ಟ್‌ಹುಂಡ್ ಎಂಬ ಇಲ್ಲಿಯದೇ ತಳಿ, ಬೂದು ಬಣ್ಣ, ಸುರುಳಿ ಬಾಲ. ಮೂಸನ್ನು ಕಚ್ಚುವುದು ಅದರ ಕೆಲಸವಲ್ಲ. ಎದುರು ನಿಂತು ಬೊಗಳುತ್ತ ಅದನ್ನು ತಡೆದು ನಿಲ್ಲಿಸುವುದು. ಕೊರಳಲ್ಲಿ ಜಿಪಿಎಸ್ ಪಟ್ಟಿ. ನಿಮಿಷಕ್ಕೆ ಎಷ್ಟು ಸಲ ಬೊಗಳುತ್ತಿದೆ ಎಂಬುದು ಕೂಡ ಗೆಳೆಯನ ಫೋನಿನಲ್ಲಿ ಬರುತ್ತಿತ್ತು! ಸಂಖ್ಯೆ ಏರಿತು, ಬಹಳ ಹೊತ್ತು ಅಲ್ಲೇ ನಿಂತಿತು, ಆಮೇಲೆ ನಾಯಿಯ ಗುರುತು ನಮ್ಮ ಕಡೆ ಸರಿಯತೊಡಗಿತು.

ಮೊದಲು ಬಂದದ್ದು ತಾಯಿ. ಕಡವೆ ನೋಡಿ ಬೆಳೆದ ನನಗೂ ಆ ಎತ್ತರ ಕಂಡು ಉಸಿರು ನಿಂತಿತು. ಹೊಡೆಯಲು ಅದಕ್ಕಿಂತ ಸುಲಭದ ಗುರಿ ಇರಲಿಲ್ಲ, ಗೆಳೆಯ ಮಾತ್ರ ಅಲುಗಾಡಲಿಲ್ಲ. ಹಿಂದೆ ಕೆಂಗಂದು ಮರಿ. ಅದು ಅಡ್ಡಕ್ಕೆ ನಿಂತ ಕ್ಷಣ ಒಂದೇ ಈಡು, ಮುಂಗಾಲ ಹಿಂದೆ, ಶ್ವಾಸಕೋಶಕ್ಕೆ. ಸ್ವಲ್ಪ ದೂರ ಓಡಿ ಬಿತ್ತು. ತಾಯಿ ಕಾಡಿನಂಚಿನಲ್ಲಿ ತಿರುಗಿ ನಿಂತು ನೋಡಿ, ನಂತರ ಹೋಯಿತು. ಅದು ಹೋಗುವವರೆಗೆ ಗೆಳೆಯ ಇಳಿಯಲು ಬಿಡಲಿಲ್ಲ.

ಮರಿಯನ್ನೇ ಯಾಕೆ? ತಾಯಿಯನ್ನು ಹೊಡೆದರೆ ಮರಿ ಆಳದ ಹಿಮದಲ್ಲಿ ದಾರಿ ತುಳಿದುಕೊಡುವವರಿಲ್ಲದೆ, ಮೇವು ತೋರಿಸುವವರಿಲ್ಲದೆ ಒದ್ದಾಡುತ್ತದೆ. ಹಾಗಾಗಿ ಮರಿ ಜೊತೆಗಿದ್ದರೆ ತಾಯಿಯನ್ನು ಮೊದಲು ಹೊಡೆಯುವಂತಿಲ್ಲ. ಇನ್ನೊಂದು ಲೆಕ್ಕವೂ ಇದೆ: ಚೆನ್ನಾಗಿ ಬೆಳೆದ ಹೆಣ್ಣು ಎಷ್ಟೋ ವರ್ಷ ಅವಳಿ ಮರಿ ಹಾಕುತ್ತದೆ, ಅದು ಉಳಿದರೆ ಹಿಂಡು ಉಳಿಯುತ್ತದೆ. ಆದರೆ ಮೂಸ್ ಹೆಚ್ಚಾದರೆ ಎಳೆ ಪೈನ್ ಸಸಿಗಳನ್ನು ಮೇಯ್ದುಬಿಡುತ್ತವೆ, ರಸ್ತೆಗೆ ಬಂದು ಕಾರಿಗೆ ಸಿಗುತ್ತವೆ. 1982ರಲ್ಲಿ ಇಡೀ ದೇಶದಲ್ಲಿ ಸುಮಾರು 1,74,000 ಮೂಸ್ ಹೊಡೆದಿದ್ದರು; ಈಗ ಅದರ ಅರ್ಧವೂ ಇಲ್ಲ. ಎಷ್ಟು ದೊಡ್ಡವು, ಎಷ್ಟು ಮರಿ ಎಂಬುದು ಪ್ರತಿ ಪ್ರದೇಶಕ್ಕೂ ಮೊದಲೇ ನಿಗದಿಯಾಗಿರುತ್ತದೆ. ಮೊದಲ ವಾರ ಕೂತವರೆಲ್ಲ ಕಂಡ ಗಂಡು, ಹೆಣ್ಣು, ಮರಿಗಳನ್ನು ಬರೆದುಕೊಡುತ್ತಾರೆ, ಮುಂದಿನ ವರ್ಷದ ಲೆಕ್ಕಕ್ಕೆ ಅದೂ ಸೇರುತ್ತದೆ. ನಮ್ಮ ಕಡೆ ಅಜ್ಜಂದಿರ ಬೇಟೆಯ ಕಥೆಗಳಲ್ಲಿ ಇಂಥ ಲೆಕ್ಕ ಕೇಳಿದ ನೆನಪು ನನಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರದೇ ಇದ್ದಿದ್ದರೆ ನಮ್ಮ ಕಾಡಿನಲ್ಲಿ ಕಡವೆ ಉಳಿಯುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಮಾಂಸದ ವಿಷಯ. ಕರುಳನ್ನು ಅಲ್ಲೇ ತೆಗೆದರು, ಎಳೆದು ತರುವ ಕೆಲಸ ನನ್ನ ಪಾಲಿಗೂ ಬಂತು. ಶೆಡ್ಡಿನಲ್ಲಿ ಬಿಸಿಯಿರುವಾಗಲೇ ಚರ್ಮ ಸುಲಿದು, ತೂಕ ಬರೆದು, ತೂಗುಹಾಕಿದರು. ದಿನದಿನದ ಸರಾಸರಿ ಉಷ್ಣಾಂಶ ಕೂಡುತ್ತ ಹೋಗಿ 40 ಆಗುವವರೆಗೆ ತೂಗಬೇಕು, ಅಂದರೆ 5 ಡಿಗ್ರಿ ಇದ್ದರೆ 8 ದಿನ. ಆಗ ಮಾಂಸ ಮೆತ್ತಗಾಗುತ್ತದೆ. ಕಡಿದ ಮೇಲೆ ಸಮನಾದ ಗುಡ್ಡೆ ಮಾಡಿ, ಒಬ್ಬರು ಬೆನ್ನು ತಿರುಗಿಸಿ ನಿಂತು, ಇನ್ನೊಬ್ಬರು ಗುಡ್ಡೆ ತೋರಿಸಿ "ಇದು ಯಾರಿಗೆ?" ಎಂದಾಗಲೆಲ್ಲ ಒಂದು ಹೆಸರು ಕೂಗುತ್ತಾರೆ. ಹೊಡೆದವನಿಗೂ ಒಂದೇ ಗುಡ್ಡೆ. ನನಗೆ ಗೆಳೆಯ ತನ್ನ ಪಾಲಿನಲ್ಲೇ ಕೊಟ್ಟ. ಕೊಬ್ಬು ಕಡಿಮೆ, ಹಾಗಾಗಿ ಹುರಿಯಲು ಹೋಗಬೇಡಿ, ಒಣಗುತ್ತದೆ. ಕಾಳುಮೆಣಸು, ಈರುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಹುಳಿ ಹಿಂಡಿ. ಅಕ್ಕಿ ರೊಟ್ಟಿಗೆ ಚೆನ್ನಾಗಿರುತ್ತದೆ.