ಒಂದು ಕ್ಷಿಪಣಿ ಸಾಕೇ? ಬದಿಯಡ್ಕದ ಮಾಷ್ಟ್ರಿಗೆ ಸಂಪಾದಕರ ಉತ್ತರ

ಬದಿಯಡ್ಕದ ನಿವೃತ್ತ ಲೆಕ್ಕದ ಮಾಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

“ಕಳೆದ ಸಂಚಿಕೆಯಲ್ಲಿ ಕೊಚ್ಚಿಯಲ್ಲಿ ಕಟ್ಟಿದ ವಿಕ್ರಾಂತ್ ಎಂಬ ವಿಮಾನವಾಹಕ ಹಡಗಿನ ಫೋಟೋಗಳನ್ನು ಪುಟ ತುಂಬ ಹಾಕಿದ್ದೀರಿ. ನೋಡಲು ಚೆಂದ ಉಂಟು. ಆದರೆ ಲೆಕ್ಕ ಎಲ್ಲಿ? 20,000 ಕೋಟಿ ರೂಪಾಯಿಯ ಹಡಗು. ಈಗಿನ ಕಾಲದಲ್ಲಿ ಒಂದು ಕ್ಷಿಪಣಿ ಬಡಿದರೆ ಕಥೆ ಮುಗಿಯಿತು ಎಂದು ಕಾಲೇಜಿಗೆ ಹೋಗುವ ನನ್ನ ಮೊಮ್ಮಗ ಹೇಳುತ್ತಾನೆ. ಅದೇ ದುಡ್ಡಿಗೆ ಐದಾರು ಜಲಾಂತರ್ಗಾಮಿ ಬರುತ್ತಿರಲಿಲ್ಲವೇ? ನಾವೇನು ದೂರದ ದೇಶಗಳ ಮೇಲೆ ದಂಡೆತ್ತಿ ಹೋಗುವವರೇ? ಹೊಗಳಿಕೆ ಬೇಡ, ಉತ್ತರ ಕೊಡಿ.”

ಮಾಷ್ಟ್ರೇ, ನಮಸ್ಕಾರ.

ಚಿತ್ರಪುಟದಲ್ಲಿ ಲೆಕ್ಕಕ್ಕೆ ಜಾಗ ಇರುವುದಿಲ್ಲ. ಇಲ್ಲಿ ಉಂಟು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಮೊಮ್ಮಗನ ಮಾತು. ಕ್ಷಿಪಣಿ ಹೊಡೆಯಬೇಕಾದರೆ ಹಡಗು ಎಲ್ಲಿದೆ ಎಂದು ಗೊತ್ತಾಗಬೇಕು. ನೆಲದ ಮೇಲಿನ ವಿಮಾನ ನಿಲ್ದಾಣ ಇದ್ದಲ್ಲೇ ಇರುತ್ತದೆ. ಅದರ ಗುರುತು ಶತ್ರುವಿನ ನಕ್ಷೆಯಲ್ಲಿ ಮೊದಲೇ ಬಿದ್ದಿರುತ್ತದೆ. ವಿಮಾನ ಏರಿಳಿಯುವ ಈ ಹಡಗು ಹಾಗಲ್ಲ. ವಿಕ್ರಾಂತ್‌ನ ಗರಿಷ್ಠ ವೇಗ 28 ನಾಟ್, ಅಂದರೆ ಗಂಟೆಗೆ ಸುಮಾರು 52 ಕಿಲೋಮೀಟರ್. ಒಂದು ಉಪಗ್ರಹ ಈಗ ಅದರ ಚಿತ್ರ ತೆಗೆಯಿತು ಎನ್ನಿ. ಒಂದು ಗಂಟೆ ಬಿಟ್ಟು ಹುಡುಕಿದರೆ ಅದು ಯಾವ ದಿಕ್ಕಿನಲ್ಲಾದರೂ 52 ಕಿಲೋಮೀಟರ್ ಆಚೆ ಇರಬಹುದು. ಆ ವೃತ್ತದ ವಿಸ್ತೀರ್ಣ 8,400 ಚದರ ಕಿಲೋಮೀಟರ್ ದಾಟುತ್ತದೆ. ನಮ್ಮ ಕಾಸರಗೋಡು ಜಿಲ್ಲೆ ಹೆಚ್ಚುಕಡಿಮೆ 1,990 ಚದರ ಕಿಲೋಮೀಟರ್. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಇಡೀ ಜಿಲ್ಲೆಯ ನಾಲ್ಕು ಪಾಲಿಗಿಂತ ಜಾಸ್ತಿ ನೀರಿನಲ್ಲಿ 262 ಮೀಟರ್ ಉದ್ದದ ಒಂದು ಹಡಗನ್ನು ಹುಡುಕಬೇಕು. ಹುಡುಕಿದರೂ ಸಾಲದು, ಕ್ಷಿಪಣಿ ಬಂದು ತಲುಪುವವರೆಗೆ ಕಣ್ಣು ತಪ್ಪದಂತೆ ನೋಡುತ್ತಲೇ ಇರಬೇಕು.

ಅಂದ ಮಾತ್ರಕ್ಕೆ ಹೆದರಿಕೆ ಸುಳ್ಳಲ್ಲ. ಚೀನಾದ ಬಳಿ ಡಿಎಫ್-21ಡಿ ಎಂಬ ಕ್ಷಿಪಣಿ ಇದೆ. ಸುಮಾರು 1,500 ಕಿಲೋಮೀಟರ್ ದೂರದ ಹಡಗನ್ನು ಹೊಡೆಯಲೆಂದೇ ಮಾಡಿದ್ದು. ಡಿಎಫ್-26 ಇನ್ನೂ ದೂರ ಹೋಗುತ್ತದೆ. 2022ರ ಏಪ್ರಿಲಿನಲ್ಲಿ ರಷ್ಯಾದ ಕಪ್ಪು ಸಮುದ್ರ ಪಡೆಯ ಮುಖ್ಯ ಹಡಗು ಮಾಸ್ಕ್‌ವಾ ಮುಳುಗಿದ್ದು ನಿಮಗೆ ನೆನಪಿರಬಹುದು. ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಉಕ್ರೇನ್ ಅದನ್ನು ದಡದಿಂದ ಹಾರಿಸಿದ ಕ್ಷಿಪಣಿಯಿಂದ ಹೊಡೆಯಿತು. ಅದು ವಿಮಾನವಾಹಕ ಅಲ್ಲ, ಕ್ರೂಸರ್ ಎಂಬ ಜಾತಿಯ ದೊಡ್ಡ ಯುದ್ಧನೌಕೆ. ಆದರೂ ದೊಡ್ಡ ಹಡಗು ಇಟ್ಟುಕೊಂಡ ಎಲ್ಲರಿಗೂ ಆ ದಿನ ನಿದ್ದೆ ಬಂದಿರಲಿಕ್ಕಿಲ್ಲ.

ನನ್ನನ್ನು ಕೇಳಿದರೆ, ವಿಮಾನವಾಹಕಕ್ಕೆ ಕ್ಷಿಪಣಿಗಿಂತ ಜಲಾಂತರ್ಗಾಮಿಯ ಭಯ ಜಾಸ್ತಿ. 1982ರಲ್ಲಿ ಫಾಕ್ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ ನಡೆದ ಯುದ್ಧದಲ್ಲಿ ಇದು ಎದ್ದು ಕಂಡಿತು. ಮೇ 2ರಂದು ಬ್ರಿಟಿಷರ ಅಣುಶಕ್ತಿ ಜಲಾಂತರ್ಗಾಮಿಯೊಂದು ಅರ್ಜೆಂಟೀನಾದ ಬೆಲ್‌ಗ್ರಾನೊ ಎಂಬ ಕ್ರೂಸರನ್ನು ಮುಳುಗಿಸಿತು. ಅಷ್ಟಾದದ್ದೇ, ಅರ್ಜೆಂಟೀನಾದ ಏಕೈಕ ವಿಮಾನವಾಹಕ ನೌಕೆ ಬಂದರಿಗೆ ವಾಪಸ್. ಯುದ್ಧ ಮುಗಿಯುವವರೆಗೆ ಅದು ಆ ಕಡೆ ತಲೆ ಹಾಕಲಿಲ್ಲ. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ, ಅಲ್ವಾ?

ಆದರೆ ಅದೇ ಯುದ್ಧದ ಇನ್ನೊಂದು ಮಗ್ಗುಲನ್ನೂ ನೋಡಿ. ಬ್ರಿಟಿಷರು ತಮ್ಮ ದೇಶದಿಂದ ಸುಮಾರು 13,000 ಕಿಲೋಮೀಟರ್ ದೂರ ಹೋಗಿ ದ್ವೀಪ ಮರಳಿ ಪಡೆದರು. ಹರ್ಮಿಸ್ ಮತ್ತು ಇನ್‌ವಿನ್ಸಿಬಲ್ ಎಂಬ ಎರಡು ವಿಮಾನವಾಹಕಗಳು ಇಲ್ಲದಿದ್ದರೆ ಹೊರಡುವ ಯೋಚನೆಯನ್ನೇ ಮಾಡುವಂತಿರಲಿಲ್ಲ. ಇದ್ದರೂ ಪೆಟ್ಟು ತಿಂದರು. ದೂರದಿಂದ ಬರುವ ವಿಮಾನವನ್ನು ಮೇಲಿನಿಂದ ನೋಡಿ ಎಚ್ಚರಿಸುವ ರಾಡಾರ್ ವಿಮಾನ ಅವರ ಹಡಗುಗಳ ಡೆಕ್ಕಿನಲ್ಲಿ, ಅಂದರೆ ಮೇಲಿನ ಹಾಸಿನಲ್ಲಿ, ಇರಲಿಲ್ಲ. ಮೇ 4ರಂದು ಶೆಫೀಲ್ಡ್ ಎಂಬ ಡಿಸ್ಟ್ರಾಯರಿಗೆ (ಕಾವಲು ಯುದ್ಧನೌಕೆಗೆ) ಎಕ್ಸೊಸೆಟ್ ಕ್ಷಿಪಣಿ ಬಡಿಯಿತು. ಆ ಹರ್ಮಿಸ್ಸೇ 1987ರಲ್ಲಿ ನಮ್ಮ ವಿರಾಟ್ ಆಗಿ ಬಂದದ್ದು.

ನಮ್ಮದೇ ಹಳೆಯ ವಿಕ್ರಾಂತ್ ಕಥೆಯನ್ನು ಶಾಲೆಯಲ್ಲಿ ಹೇಳುವಾಗ ಅರ್ಧ ಮಾತ್ರ ಹೇಳುತ್ತಾರೆ. 1961ರಲ್ಲಿ ಬ್ರಿಟನ್ನಿನಿಂದ ತಂದ, ಅದೇ ಹೆಸರಿನ ಹಿಂದಿನ ವಿಮಾನವಾಹಕ ಅದು. 1965ರ ಯುದ್ಧದಲ್ಲಿ ರಿಪೇರಿಗೆಂದು ಡಾಕಿನಲ್ಲಿ ಕೂತಿತ್ತು. 1971ರಲ್ಲಿ ಬಾಯ್ಲರಿನಲ್ಲಿ ಬಿರುಕು. ಪೂರ್ತಿ ವೇಗದಲ್ಲಿ ಓಡಿಸುವಂತಿರಲಿಲ್ಲ. ಅಂಥ ಹಡಗನ್ನು ಕರಾಚಿಯ ಎದುರು ನಿಲ್ಲಿಸದೆ ಬಂಗಾಳ ಕೊಲ್ಲಿಗೆ ಕಳಿಸಿದರು. ಅಲ್ಲಿ ಅದನ್ನು ಎದುರಿಸುವ ದೊಡ್ಡ ಬಲ ಶತ್ರುವಿನ ಬಳಿ ಇರಲಿಲ್ಲ. ಡಿಸೆಂಬರ್ 4ರಿಂದ ಅದರ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಕಡೆ ದಾಳಿ ಶುರು ಮಾಡಿದವು. ಪೂರ್ವ ಪಾಕಿಸ್ತಾನಕ್ಕೆ ಸಮುದ್ರದ ದಾರಿ ಬಂದ್ ಆಯಿತು. ವಿಕ್ರಾಂತ್‌ನ ಬೇಟೆಗೆಂದು ಬಂದಿದ್ದ ಘಾಜಿ ಎಂಬ ಪಾಕಿಸ್ತಾನಿ ಜಲಾಂತರ್ಗಾಮಿ ವಿಶಾಖಪಟ್ಟಣದ ಹೊರಗೆ ಮುಳುಗಿತು.

ಇದು ಹೇಳುವ ಅರ್ಧ. ಉಳಿದರ್ಧ ಏನೆಂದರೆ, ಕರಾಚಿ ಬಂದರಿಗೆ ಹೋಗಿ ಹೊಡೆದದ್ದು ಸಣ್ಣ ಸಣ್ಣ ಕ್ಷಿಪಣಿ ದೋಣಿಗಳು. ಅಷ್ಟರಲ್ಲೇ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿ ದೀವ್ ಹತ್ತಿರ ನಮ್ಮ ಖುಕ್ರಿ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಅದರ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ವಿಮಾನವಾಹಕವೂ ಬೇಕಾಯಿತು, ದೋಣಿಯೂ ಬೇಕಾಯಿತು, ಜಲಾಂತರ್ಗಾಮಿಯ ಪೆಟ್ಟೂ ಗೊತ್ತಾಯಿತು. ಯಾವ ಹಡಗನ್ನು ಯಾವ ಸಮುದ್ರಕ್ಕೆ ಕಳಿಸಬೇಕು ಎಂಬ ಬುದ್ಧಿ ಇದ್ದದ್ದರಿಂದ ಗೆದ್ದೆವು.

ಈಗ ಹೊಸ ವಿಕ್ರಾಂತ್. ಅದರ ಡೆಕ್ಕಿನ ಮೇಲೆ ನಡೆಯುವ ಕೆಲಸ ಅರ್ಥವಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದೂ ಅರ್ಥವಾಗುತ್ತದೆ. ವಿಮಾನ ಏಳುವಾಗ ಹಡಗು ಗಾಳಿಗೆ ಮುಖ ಕೊಟ್ಟು ಜೋರಾಗಿ ಓಡುತ್ತದೆ. ಮುಂದಿನ ತುದಿ 14 ಡಿಗ್ರಿ ಮೇಲಕ್ಕೆ ಬಾಗಿದೆ. ವಿಮಾನ ತನ್ನದೇ ಎಂಜಿನ್ ಬಲದಲ್ಲಿ ಓಡಿ, ಆ ಏರಿನಿಂದ ಮೇಲಕ್ಕೆ ಜಿಗಿಯುತ್ತದೆ. ಇಳಿಯುವುದು ಇನ್ನೂ ಕಷ್ಟ. ಡೆಕ್ಕಿಗೆ ಅಡ್ಡವಾಗಿ ಮೂರು ಉಕ್ಕಿನ ಹಗ್ಗ ಎಳೆದಿರುತ್ತಾರೆ. ವಿಮಾನದ ಬಾಲದ ಕೊಕ್ಕೆ ಅವುಗಳಲ್ಲಿ ಒಂದನ್ನು ಹಿಡಿಯಬೇಕು. ಹಿಡಿದರೆ ಎರಡು ಮೂರು ಸೆಕೆಂಡಿನಲ್ಲಿ ವಿಮಾನ ನಿಂತಿತು. ತಪ್ಪಿದರೆ? ಅದಕ್ಕೇ ಚಕ್ರ ಡೆಕ್ಕಿಗೆ ತಾಗಿದ ಕ್ಷಣ ಪೈಲಟ್ ಎಂಜಿನ್ ಬಲ ಇಳಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಕೊಕ್ಕೆ ಸಿಗದಿದ್ದರೆ ಮತ್ತೆ ಹಾರಬೇಕಲ್ಲ. ರಾತ್ರಿ ಹೊತ್ತು, ಅಲುಗಾಡುವ ಡೆಕ್ಕಿನ ಮೇಲೆ ಇದನ್ನು ಮಾಡಬೇಕು. ಇಷ್ಟು ವರ್ಷದ ಅನುಭವ ಇರುವ ಅಮೆರಿಕದವರೇ 2025ರ ಮೇ ತಿಂಗಳಲ್ಲಿ ಕೆಂಪು ಸಮುದ್ರದಲ್ಲಿ ಟ್ರೂಮನ್ ಹಡಗಿನ ಮೇಲೆ ಇಳಿಯುವಾಗ ಒಂದು ಎಫ್-18 ಯುದ್ಧವಿಮಾನ ಕಳೆದುಕೊಂಡರು. ಅದಕ್ಕೆ ಮುಂಚಿನ ತಿಂಗಳು ಇನ್ನೊಂದು ವಿಮಾನ ಅದೇ ಹಡಗಿನಿಂದ ಜಾರಿ ಸಮುದ್ರಕ್ಕೆ ಬಿದ್ದಿತ್ತು.

ಏರು ತುದಿಯ ಡೆಕ್ಕಿಗೆ ಒಂದು ಮಿತಿ ಉಂಟು. ಪೂರ್ತಿ ಇಂಧನ, ಪೂರ್ತಿ ಬಾಂಬು ಎರಡನ್ನೂ ಹೊತ್ತು ವಿಮಾನ ಏಳುವುದು ಕಷ್ಟ. ಒಂದನ್ನು ಕಡಿಮೆ ಮಾಡಬೇಕು. ಭಾರದ ರಾಡಾರ್ ವಿಮಾನವಂತೂ ಏಳುವುದೇ ಇಲ್ಲ. ಆ ಕೆಲಸವನ್ನು ನಾವು ಕಾಮೊವ್-31 ಹೆಲಿಕಾಪ್ಟರಿನಿಂದ ಮಾಡಿಸುತ್ತೇವೆ. ಅದು ಅಷ್ಟು ಎತ್ತರ ಹೋಗುವುದಿಲ್ಲ, ಅಷ್ಟು ಹೊತ್ತು ನಿಲ್ಲುವುದಿಲ್ಲ. ಅಮೆರಿಕದ ಜೆರಾಲ್ಡ್ ಫೋರ್ಡ್, 2025ರ ನವೆಂಬರಿನಲ್ಲಿ ಸೇವೆಗೆ ಸೇರಿದ ಚೀನಾದ ಫುಜಿಯಾನ್, ಈ ಎರಡರಲ್ಲೂ ವಿಮಾನವನ್ನು ವಿದ್ಯುತ್ಕಾಂತದ ಬಲದಿಂದ ಎಳೆದು ಎಸೆಯುವ ಯಂತ್ರ ಇದೆ. ಫಾಕ್ಲೆಂಡಿನಲ್ಲಿ ಬ್ರಿಟಿಷರಿಗೆ ಏನು ಕೊರತೆ ಇತ್ತೋ, ಅದರ ಒಂದು ಪಾಲು ನಮಗೆ ಈಗಲೂ ಇದೆ.

ನೀವು ಕೇಳಿದ ಲೆಕ್ಕಕ್ಕೆ ಬಂದೆ. ನಿಮ್ಮ ಅಂದಾಜು ಸರಿಯಾಗಿಯೇ ಇದೆ. ಕಲ್ವರಿ ಮಾದರಿಯ ಆರು ಜಲಾಂತರ್ಗಾಮಿಗಳ ಯೋಜನೆಗೆ ತಗಲಿದ್ದು 23,000 ಕೋಟಿಗಿಂತ ಜಾಸ್ತಿ. ವಿಕ್ರಾಂತ್‌ನ ಬೆಲೆಗೆ ಐದು ಬರುತ್ತಿತ್ತು. ಆದರೆ ಹಡಗಿನ ಬೆಲೆಯನ್ನು ಮಾತ್ರ ನೋಡಬೇಡಿ. ಅದು ಅಗ್ಗದ ಭಾಗ. ಅದರ ಡೆಕ್ಕಿಗೆಂದು 26 ರಫೇಲ್ ವಿಮಾನ ಕೊಳ್ಳಲು 2025ರ ಏಪ್ರಿಲಿನಲ್ಲಿ ಸಹಿ ಹಾಕಿದ ಒಪ್ಪಂದ ಸುಮಾರು 63,000 ಕೋಟಿಯದು. ಹಡಗಿಗಿಂತ ಮೂರು ಪಟ್ಟು! ಅದಕ್ಕೆ ಮುಂಚೆ ರಷ್ಯಾದಿಂದ 45 ಮಿಗ್-29ಕೆ ತಂದಿದ್ದೆವು. 2016ರಲ್ಲಿ ಮಹಾಲೇಖಪಾಲರ ವರದಿ ಹೇಳಿದ್ದು ಕೇಳಿ: ಆ ವಿಮಾನಗಳಲ್ಲಿ ಹಾರಲು ಸಿದ್ಧ ಇರುತ್ತಿದ್ದವು 15.93ರಿಂದ 37.63 ಶೇಕಡಾ ಮಾತ್ರ. ಅಂದರೆ ಹತ್ತು ವಿಮಾನ ಇದ್ದರೆ ಒಳ್ಳೆಯ ದಿನಗಳಲ್ಲೂ ನಾಲ್ಕು ಹಾರುವುದಿಲ್ಲ. ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ ಆಯಿತು. ನನಗೆ ಸಿಟ್ಟು ಬರುವುದು ಇಲ್ಲಿ, 20,000 ಕೋಟಿಯ ಮೇಲಲ್ಲ.

ಇನ್ನೂ ಉಂಟು. ವಿಮಾನವಾಹಕ ಒಂಟಿಯಾಗಿ ಹೋಗುವುದಿಲ್ಲ. ಸುತ್ತ ಡಿಸ್ಟ್ರಾಯರ್, ಫ್ರಿಗೇಟ್, ಇಂಧನದ ಟ್ಯಾಂಕರ್, ಆಗಾಗ ನೀರಿನಡಿ ಒಂದು ಜಲಾಂತರ್ಗಾಮಿ. ಆ ಹಡಗುಗಳು ಕಾವಲಿಗೆ ನಿಂತರೆ ಬೇರೆ ಕೆಲಸಕ್ಕೆ ಸಿಗುವುದಿಲ್ಲ. ಎರಡು ವಿಮಾನವಾಹಕ ಇದ್ದರೂ ಒಂದು ರಿಪೇರಿಗೆ ಹೋದರೆ ಸಮುದ್ರದಲ್ಲಿ ಇರುವುದು ಒಂದೇ.

ಹಾಗಾದರೆ ಬೇಕೇ? ಬೇಕು ಎಂದೇ ನನ್ನ ಅಭಿಪ್ರಾಯ. ಜಲಾಂತರ್ಗಾಮಿ ಬೇರೆಯವರನ್ನು ಬರದಂತೆ ತಡೆಯುತ್ತದೆ. ಆದರೆ ಅಡೆನ್ ಕೊಲ್ಲಿಯಲ್ಲೋ ಮಲಾಕ್ಕಾ ಬಾಯಿಯಲ್ಲೋ ನಮ್ಮ ಹಡಗುಗಳ ತಲೆಯ ಮೇಲೆ ಶತ್ರು ವಿಮಾನ ಬಂದರೆ ಅದು ಏನು ಮಾಡೀತು? ಅಲ್ಲಿಗೆ ಗೋವಾದಿಂದ, ತಂಜಾವೂರಿನಿಂದ ಯುದ್ಧವಿಮಾನ ಹಾರಿಸಿದರೆ ದಾರಿಯಲ್ಲೇ ಇಂಧನದ ಚಿಂತೆ ಶುರುವಾಗುತ್ತದೆ. ನಮ್ಮ ನೆಲ ಇಲ್ಲದಲ್ಲಿ ನಮ್ಮ ವಿಮಾನ ಇರಬೇಕಾದರೆ ತೇಲುವ ರನ್‌ವೇ ಬೇಕು. ಬೇರೆ ಉಪಾಯ ಇಲ್ಲ.

ಆದರೆ ಇದಕ್ಕೆ ಕೆಲವರು ಕೊಡುವ ಕಾರಣಗಳನ್ನು ನಾನು ಒಪ್ಪುವುದಿಲ್ಲ. ‘ಗಲ್ಫಿನಲ್ಲಿ ನಮ್ಮವರು ಇದ್ದಾರೆ, ಅವರನ್ನು ಕರೆತರಲು ಬೇಕು’ ಎನ್ನುತ್ತಾರೆ. ಕಾಸರಗೋಡಿನಲ್ಲಿ ಈ ಮಾತು ಎಲ್ಲರ ಮನಸ್ಸಿಗೂ ತಾಗುತ್ತದೆ. ಗಲ್ಫಿನ ಕಾಗದಕ್ಕೋ ಫೋನಿಗೋ ಕಾಯದ ಮನೆ ನಮ್ಮಲ್ಲಿ ಎಷ್ಟು? ಆದರೆ 2015ರಲ್ಲಿ ಯೆಮನಿನಿಂದ ಜನರನ್ನು ಹೊತ್ತು ತಂದದ್ದು ಮುಂಬೈ, ಸುಮಿತ್ರಾ, ತರ್ಕಶ್ ಎಂಬ ಹಡಗುಗಳು. 2020ರ ಮೇಯಲ್ಲಿ ಮಾಲ್ದೀವ್ಸಿನಿಂದ ಕೊಚ್ಚಿಗೆ ಸುಮಾರು 700 ಮಂದಿಯನ್ನು ತಂದದ್ದು ಜಲಾಶ್ವ. ಒಂದೂ ವಿಮಾನವಾಹಕ ಅಲ್ಲ. ಸುಮ್ನೆ ಭಾವನೆ ಕೆರಳಿಸಿ ದೊಡ್ಡ ಹಡಗು ಮಾರಬಾರದು.

ಪಾಕಿಸ್ತಾನದ ಮಾತು ತೆಗೆಯುವವರಿಗೂ ಒಂದು ಮಾತು. 2025ರ ಮೇಯಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ವಿಕ್ರಾಂತ್ ಇದ್ದ ಪಡೆ ಅರಬ್ಬೀ ಸಮುದ್ರದ ಉತ್ತರಕ್ಕೆ ಹೋಗಿ ನಿಂತಿತು. ಪಾಕಿಸ್ತಾನದ ಹಡಗುಗಳು ಬಂದರಿನಲ್ಲೋ ದಡದ ಪಕ್ಕದಲ್ಲೋ ಉಳಿದವು ಎಂದು ನೌಕಾಪಡೆ ಹೇಳಿತು. ಹೌದು. ಆದರೆ ಆ ಪಡೆಯಲ್ಲಿ ಕ್ಷಿಪಣಿ ಹೊತ್ತ ಬೇರೆ ಹಡಗುಗಳೂ ಇದ್ದವು, ಕರಾಚಿ ಗುಜರಾತಿನ ವಾಯುನೆಲೆಗಳಿಂದ ದೂರವೂ ಅಲ್ಲ. ಶ್ರೇಯಸ್ಸನ್ನು ಪೂರ್ತಿ ವಿಕ್ರಾಂತ್‌ಗೆ ಕೊಡುವುದು ನ್ಯಾಯವಲ್ಲ. ಈ ಹಡಗಿನ ನಿಜವಾದ ಕೆಲಸ ಇರುವುದು ಇನ್ನೂ ತೆಂಕಕ್ಕೆ, ಇನ್ನೂ ಪಡುವಣಕ್ಕೆ. ಚೀನಾದ ಮೂರು ವಿಮಾನವಾಹಕಗಳಲ್ಲಿ ಯಾವುದಾದರೂ ಹಿಂದೂ ಮಹಾಸಾಗರಕ್ಕೆ ಬಂದು ತಳ ಊರಿದ ದಿನ.

ಎರಡು ಸಾಕು, ಮೂರನೆಯದು ಈಗ ಬೇಡ ಎನ್ನುವ ಪಕ್ಷ ನನ್ನದು. ನೌಕಾಪಡೆ ಮೂರು ಕೇಳುತ್ತಿದೆ: ಪಶ್ಚಿಮಕ್ಕೊಂದು, ಪೂರ್ವಕ್ಕೊಂದು, ರಿಪೇರಿಯಲ್ಲೊಂದು. ವಾದ ಸರಿ. ಆದರೆ ಕಾರವಾರದ ವಿಕ್ರಮಾದಿತ್ಯ, ಕೊಚ್ಚಿಯಲ್ಲಿ ಹುಟ್ಟಿದ ವಿಕ್ರಾಂತ್, ಈ ಎರಡರ ಡೆಕ್ಕೂ ಹಾರಬಲ್ಲ ವಿಮಾನಗಳಿಂದ ಮೊದಲು ತುಂಬಲಿ. ವಯಸ್ಸಾದ ಜಲಾಂತರ್ಗಾಮಿಗಳ ಜಾಗಕ್ಕೆ ಹೊಸವು ಬರಲಿ. ಆಮೇಲೆ ಮೂರನೆಯದರ ಮಾತು.

ಇದಕ್ಕೆ ಎದುರಾಗಿ ಒಂದೇ ಒಂದು ವಾದ ನನ್ನನ್ನು ಕಾಡುತ್ತದೆ. ನಮ್ಮ ಓದುಗರೊಬ್ಬರು ಫೋನಿನಲ್ಲೂ ಅದನ್ನೇ ಕೇಳಿದರು: ಆರ್ಡರ್ ಇಲ್ಲದಿದ್ದರೆ ಕೊಚ್ಚಿಯಲ್ಲಿ ಇಷ್ಟು ವರ್ಷ ಕಲಿತ ಕೈಗಳು ಚದುರಿಹೋಗುವುದಿಲ್ಲವೇ ಎಂದು. 2009ರಲ್ಲಿ ಶುರು ಮಾಡಿ 2022ರಲ್ಲಿ ಮುಗಿಸಿದ ಕೆಲಸ ಅದು. ದಪ್ಪ ಉಕ್ಕಿನ ತಗಡನ್ನು ಬಿರುಕಿಲ್ಲದೆ ಬೆಸೆಯುವುದನ್ನು ಪುಸ್ತಕ ಓದಿ ಕಲಿಯಲಿಕ್ಕೆ ಆಗುವುದಿಲ್ಲ. ಹಡಗಿನ ಉಕ್ಕನ್ನೂ ನಮ್ಮಲ್ಲೇ ಮಾಡಿದ್ದು. ಆದರೆ ಕೊಚ್ಚಿಯ ಆ ಹಡಗುಕಟ್ಟೆ ಈಗಲೂ ಖಾಲಿ ಕೂತಿಲ್ಲ. ಜಲಾಂತರ್ಗಾಮಿಗಳನ್ನು ಹುಡುಕುವ ಎಂಟು ಸಣ್ಣ ಯುದ್ಧನೌಕೆಗಳ ಆರ್ಡರ್ ಅಲ್ಲಿಗೆ ಸಿಕ್ಕಿದೆ. ಮೊದಲನೆಯದು 2025ರ ನವೆಂಬರಿನಲ್ಲಿ ನೌಕಾಪಡೆ ಸೇರಿತು. ಹೆಸರು ಮಾಹೆ. ಕಣ್ಣೂರು ದಾಟಿ ರೈಲಿನಲ್ಲಿ ಹೋಗುವಾಗ ಸಿಗುವ ನಮ್ಮ ಪಕ್ಕದ ಊರೇ. ಹೊಸ ಕ್ಷಿಪಣಿ ನೌಕೆಗಳ ಕೆಲಸವೂ ಅಲ್ಲೇ ನಡೆಯುತ್ತಿದೆ. ಕಟ್ಟೆಗೆ ಕೆಲಸ ಕೊಡಲೆಂದು 45,000 ಟನ್ನಿನ ಇನ್ನೊಂದು ಹಡಗು ಕಟ್ಟಿಸಬೇಕಾಗಿಲ್ಲ.

— ಸಂಪಾದಕ