ಇಪ್ಪತ್ತು ವರ್ಷದ ರಾಜಧಾನಿ

ಹೋದ ಸಂಚಿಕೆಯಲ್ಲಿ, ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಶಿರಾದ ಸುಬೇದಾರರ, ಅಂದರೆ ಮೊಗಲರ ಪ್ರಾಂತ್ಯ ನೋಡಿಕೊಳ್ಳುತ್ತಿದ್ದವರ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಒಂದು ಪತ್ರ ನನ್ನನ್ನು ನೇರ ಅಮೆರಿಕಕ್ಕೆ ಕರೆದುಕೊಂಡು ಹೋಯಿತು. ಆ ಪತ್ರವನ್ನು ಇಲ್ಲಿ ತುಮಕೂರಿನಲ್ಲಿ ಸಂಜೆ ಲೈಬ್ರರಿಗೆ ಬರುವ ಗೆಳೆಯರಿಗೂ ಹುಡುಗರಿಗೂ ಓದಿ ಹೇಳಿದೆ, ಅವರೂ ಪ್ರಶ್ನೆ ಬರೆದುಕೊಟ್ಟರು. ಹಾಗಾಗಿ ಈ ಸಲ ಎಲ್ಲ ಪ್ರಶ್ನೆಗಳೂ ವ್ಯಾಂಡೇಲಿಯಾ ಅನ್ನೋ ಒಂದೇ ಊರಿನ ಸುತ್ತ.

ಮೇಷ್ಟ್ರೇ, ನಮಸ್ಕಾರ. ಮಗನ ಮನೆಗೆ ಅಂತ ನಾನೂ ನಮ್ಮ ಮನೆಯವರೂ ಅಮೆರಿಕಕ್ಕೆ ಹೋಗಿದ್ದೆವು. ಸೇಂಟ್ ಲೂಯಿಸ್‌ನಿಂದ ಕಾರಿನಲ್ಲಿ ಹೋಗುವಾಗ, ಒಂದು ಗಂಟೆ ದಾಟಿದ ಮೇಲೆ, ವ್ಯಾಂಡೇಲಿಯಾ ಅನ್ನೋ ಊರಲ್ಲಿ ಕಾಫಿಗೆ ನಿಲ್ಲಿಸಿದ. ಸಣ್ಣ ಊರು. ನಡುವೆ ಬಿಳಿ ಬಣ್ಣದ ಎರಡಂತಸ್ತಿನ ಹಳೇ ಕಟ್ಟಡ. "ಅಪ್ಪಾ, ಇದು ಇಲಿನಾಯ್ ರಾಜ್ಯದ ವಿಧಾನಸೌಧ ಆಗಿತ್ತು" ಅಂದ. ನಂಬೋಕೇ ಆಗಲಿಲ್ಲ. ಅಷ್ಟು ಸಣ್ಣ ಊರು ರಾಜಧಾನಿ ಆಗಿದ್ದು ಹೇಗೆ? ಅದನ್ನು ಕಳೆದುಕೊಂಡಿದ್ದು ಯಾಕೆ? ನಮ್ಮೂರು ನೆನಪಾಯಿತು, ಅದಕ್ಕೇ ಕೇಳುತ್ತಿದ್ದೇನೆ.
— ಒಬ್ಬ ಓದುಗರು, ಶಿರಾ

ನಿಮ್ಮ ಮಗ ಹೇಳಿದ್ದು ನಿಜ. ಇನ್ನೊಂದು ವಿಷಯ ಹೇಳುತ್ತೇನೆ ಕೇಳಿ. ಅಲ್ಲಿ ಊರು ಮೊದಲಿದ್ದು ಆಮೇಲೆ ರಾಜಧಾನಿ ಬಂದಿದ್ದಲ್ಲ. ರಾಜಧಾನಿ ಬೇಕು ಅಂತಲೇ ಕಾಡು ಕಡಿದು ಊರು ಕಟ್ಟಿದರು.

ಇಲಿನಾಯ್ ರಾಜ್ಯ ಆಗಿದ್ದು 1818ರ ಡಿಸೆಂಬರ್‌ನಲ್ಲಿ. ಆಗ ರಾಜಧಾನಿ ಕಸ್ಕಾಸ್ಕಿಯಾ, ಮಿಸಿಸಿಪಿ ನದಿಯ ಪಕ್ಕದ ಹಳೇ ಫ್ರೆಂಚ್ ಊರು. ಹೊಸ ರಾಜ್ಯದವರು ರಾಜಧಾನಿಯನ್ನು ಒಳಗಡೆಗೆ ಒಯ್ಯಬೇಕು ಅಂತ ಯೋಚಿಸಿದರು. ಜಮೀನು ಕೊಡಿ ಎಂದು ದೇಶದ ಕಾಂಗ್ರೆಸ್ಸನ್ನು, ಅಂದರೆ ಅಲ್ಲಿನ ಸಂಸತ್ತನ್ನು ಕೇಳಿದರು. ಕಾಂಗ್ರೆಸ್ 1819ರಲ್ಲಿ ನಾಲ್ಕು ಚದರ ಮೈಲಿ ಜಾಗ ಕೊಟ್ಟಿತು. ಕಸ್ಕಾಸ್ಕಿಯಾ ನದಿಯ ದಂಡೆಯ ಒಂದು ದಿಬ್ಬವನ್ನು ಆರಿಸಿ, ಸೈಟು ಮಾಡಿ, ಹರಾಜು ಹಾಕಿದರು. ನಮ್ಮಲ್ಲಿ ಲೇಔಟ್ ಮಾಡುತ್ತಾರಲ್ಲ, ಹಾಗೇ. ಸೈಟಿನ ಬೆಲೆ ಏರಿದರೆ ಹೊಸ ಸರ್ಕಾರದ ಬೊಕ್ಕಸಕ್ಕೂ ದುಡ್ಡು ಬರುತ್ತೆ ಅನ್ನೋ ಆಸೆಯಿತ್ತು. 1820ರಲ್ಲಿ ಸರ್ಕಾರದ ಕಾಗದಪತ್ರಗಳನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಅಲ್ಲಿಗೆ ಬಂದರು. ಒಂದು ರಾಜ್ಯದ ದಾಖಲೆಯೆಲ್ಲ ಒಂದು ಸಣ್ಣ ಗಾಡಿಗೆ ಹಿಡಿಸಿತಂತೆ!

ಷರತ್ತು ಮೊದಲೇ ಇತ್ತು. ಇಪ್ಪತ್ತು ವರ್ಷ ಇಲ್ಲಿ, ಆಮೇಲೆ ನೋಡೋಣ. ವ್ಯಾಂಡೇಲಿಯಾದವರಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೆ ಇಪ್ಪತ್ತು ವರ್ಷ ಅಂದರೆ ಮನೆ ಕಟ್ಟಿ, ಅಂಗಡಿ ಇಟ್ಟು, ಮಕ್ಕಳು ದೊಡ್ಡವರಾಗುವಷ್ಟು ಕಾಲ, ಅಲ್ವಾ? ಬೇರು ಬಿಟ್ಟ ಮೇಲೆ ಷರತ್ತು ಯಾರಿಗೆ ನೆನಪಿರುತ್ತೆ.

ಮೊದಲ ಶಾಸನಸಭೆಯ ಕಟ್ಟಡ ಮರದ್ದು. 1823ರ ಡಿಸೆಂಬರ್‌ನಲ್ಲಿ ಸುಟ್ಟುಹೋಯಿತು. ಮಾರನೇ ವರ್ಷ ಇಟ್ಟಿಗೆಯದ್ದು ಕಟ್ಟಿದರು, ಅವಸರದ ಕೆಲಸ, ಹತ್ತೇ ವರ್ಷದಲ್ಲಿ ಗೋಡೆ ಉಬ್ಬಿಕೊಂಡಿತು. ಅಷ್ಟರಲ್ಲಿ ಇಪ್ಪತ್ತು ವರ್ಷದ ಗಡುವೂ ಹತ್ತಿರ ಬರುತ್ತಿತ್ತು. ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. 1836ರಲ್ಲಿ ಊರಿನವರೇ ಸೇರಿ, ಸರ್ಕಾರದ ಅಪ್ಪಣೆಗೂ ಕಾಯದೆ, ಆ ಹಳೇ ಕಟ್ಟಡ ಕೆಡವಿದರು. ಅದರ ಇಟ್ಟಿಗೆ, ಮರ ಎಲ್ಲ ಬಳಸಿಕೊಂಡು ಕೆಲವೇ ತಿಂಗಳಲ್ಲಿ ಹೊಸದನ್ನು ಎಬ್ಬಿಸಿದರು. ಸುಮಾರು 16,000 ಡಾಲರ್ ಖರ್ಚು. ಡಿಸೆಂಬರ್‌ನಲ್ಲಿ ಶಾಸಕರು ಬಂದು ಕೂತಾಗ ಗೋಡೆಯ ಗಾರೆ ಇನ್ನೂ ಒಣಗಿರಲಿಲ್ಲ. ನೀವು ನೋಡಿದ ಬಿಳಿ ಕಟ್ಟಡ ಅದೇ. ಅದರ ಮುಂದಿನ ಕಂಬಗಳು ಮಾತ್ರ ಆಮೇಲೆ ಸೇರಿಸಿದ್ದು.

ರಾಜಧಾನಿ ಉಳಿಯಲಿ ಅಂತ ಊರಿಗೆ ಊರೇ ಕೈ ಹಾಕಿ ಕಟ್ಟಿದ್ದು. ಆದರೂ ಉಳಿಯಲಿಲ್ಲ. ಹಸಿ ಗಾರೆಯ ಆ ಕೋಣೆಯಲ್ಲೇ, 1837ರ ಫೆಬ್ರವರಿ 28ರಂದು, ಎರಡೂ ಸದನ ಒಟ್ಟಿಗೆ ಕೂತು ಮತ ಹಾಕಿದವು. ನಾಲ್ಕನೇ ಸುತ್ತಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ 73 ಮತ ಬಿದ್ದು ಗೆದ್ದಿತು. 1839ರ ಬೇಸಿಗೆಯಲ್ಲಿ ಸರ್ಕಾರ ಗಂಟುಮೂಟೆ ಕಟ್ಟಿತು.

ಕಾರಣ ಹುಡುಕಿದರೆ ಜನ ಓಡಾಡುವ ದಾರಿಗಳಲ್ಲಿ ಸಿಗುತ್ತೆ. ಶುರುವಿನಲ್ಲಿ ಇಲಿನಾಯ್‌ಗೆ ಜನ ಬಂದದ್ದು ದಕ್ಷಿಣದಿಂದ, ನದಿ ದಾರಿಯಲ್ಲಿ. 1825ರಲ್ಲಿ ನ್ಯೂಯಾರ್ಕ್ ಕಡೆ ಈರಿ ಕಾಲುವೆ ತೆರೆದ ಮೇಲೆ ದೊಡ್ಡ ಸರೋವರಗಳ ದಾರಿ ಹಿಡಿದು ಉತ್ತರಕ್ಕೂ ಜನ ಬಂದು ತುಂಬಿಕೊಂಡರು. ರಾಜ್ಯದ ಜನಸಂಖ್ಯೆ ಮೇಲಕ್ಕೆ ಸರಿಯಿತು. ವ್ಯಾಂಡೇಲಿಯಾ ಇದ್ದಲ್ಲೇ ಇತ್ತು, ಆದರೆ ನಡುವಿನ ಊರು ಅಂತ ಅದನ್ನು ಹೇಳುವ ಹಾಗಿರಲಿಲ್ಲ. ಕೇಂದ್ರ ಸರ್ಕಾರ ಪೂರ್ವದ ಕಂಬರ್‌ಲೆಂಡ್‌ನಿಂದ 1811ರಲ್ಲಿ ಶುರು ಮಾಡಿದ ನ್ಯಾಷನಲ್ ರೋಡ್, ಆರುನೂರು ಮೈಲಿ ದಾಟಿ ಬಂದು, ದುಡ್ಡು ಮುಗಿದು ನಿಂತದ್ದು ಇದೇ ವ್ಯಾಂಡೇಲಿಯಾದಲ್ಲಿ. ಅದು ರಾಜಧಾನಿ ಹೊರಟ ಹೊತ್ತಿಗೆ. ಆ ರಸ್ತೆ ಹತ್ತು ವರ್ಷ ಮುಂಚೆ ಬಂದಿದ್ದರೆ ಏನಾಗುತ್ತಿತ್ತೋ ಅಂತ ನನಗೆ ಆಗಾಗ ಅನ್ನಿಸುತ್ತೆ. ಕಟ್ಟಡದ ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸಿನ ಕಲ್ಲಿನ ಪ್ರತಿಮೆ ನೋಡಿದಿರಾ? ಆ ದಾರಿಯಲ್ಲಿ ವಲಸೆ ಬಂದ ತಾಯಂದಿರ ನೆನಪಿಗೆ 1928ರಲ್ಲಿ ಇಟ್ಟದ್ದು ಅದು.

ಮೇಷ್ಟ್ರೇ, ರಾಜಧಾನಿಯನ್ನು ಅಲ್ಲಿಂದ ಎತ್ತಿಸಿದ್ದು ಅಬ್ರಹಾಂ ಲಿಂಕನ್ ಅಂತಾರಲ್ಲ, ನಿಜವಾ? ಅವರು ಅಂಥ ರಾಜಕೀಯ ಮಾಡುತ್ತಿದ್ದರಾ?
— ಪದವಿ ವಿದ್ಯಾರ್ಥಿನಿ, ತುಮಕೂರು

ನಿಜ ಕಣಮ್ಮ. ಲಿಂಕನ್ ಮೊದಲ ಸಲ ಶಾಸಕರಾಗಿ ವ್ಯಾಂಡೇಲಿಯಾಗೆ ಬಂದಾಗ ಅವರಿಗೆ 25 ವರ್ಷ. ಕೈಯಲ್ಲಿ ಕಾಸಿರಲಿಲ್ಲ. ಊರಿನವರೊಬ್ಬರ ಹತ್ತಿರ 200 ಡಾಲರ್ ಸಾಲ ಮಾಡಿ, ಅದರಲ್ಲೇ ಸಭೆಗೆ ಹೋಗಲು ಒಂದು ಸೂಟು ಹೊಲಿಸಿಕೊಂಡರು.

ಅವರ ಸ್ಯಾಂಗಮನ್ ಕೌಂಟಿಯಿಂದ 1836ರಲ್ಲಿ ಗೆದ್ದವರು ಒಂಬತ್ತು ಜನ, ಕೆಳಮನೆಗೆ ಏಳು, ಮೇಲ್ಮನೆಗೆ ಇಬ್ಬರು. ಎಲ್ಲರೂ ಆರಡಿ ಆಸುಪಾಸಿನ ಆಳುಗಳು, ಲಿಂಕನ್ ಆರಡಿ ನಾಲ್ಕು ಇಂಚು. ಜನ ಅವರನ್ನು 'ಉದ್ದನೆಯ ಒಂಬತ್ತು ಮಂದಿ' ಅಂತಲೇ ಕರೆದರು. ಸ್ಪ್ರಿಂಗ್‌ಫೀಲ್ಡ್ ಅವರದೇ ಕೌಂಟಿಯ ಊರು. ನಮ್ಮ ಜಿಲ್ಲೆಗೆ ಬರಲಿ ಅಂತ ಶಾಸಕರು ಹಟ ಹಿಡಿಯುವುದು ನಾವು ನೋಡದ್ದೇನಲ್ಲ.

ಅದೇ ಅಧಿವೇಶನದಲ್ಲಿ ರೈಲು, ಕಾಲುವೆ, ರಸ್ತೆಗಳಿಗೆ ಒಂದು ಕೋಟಿ ಡಾಲರ್‌ಗೂ ಮೀರಿದ ಯೋಜನೆ ಒಪ್ಪಿಗೆಯಾಯಿತು. 'ನಿಮ್ಮೂರಿಗೆ ರೈಲು, ನಮ್ಮೂರಿಗೆ ರಾಜಧಾನಿ' ಅಂತ ಈ ಒಂಬತ್ತು ಮಂದಿ ಮತ ಕೊಟ್ಟು ಮತ ತೆಗೆದುಕೊಂಡರು ಅನ್ನೋದು ಹಳೇ ಮಾತು. ಇತಿಹಾಸ ಬರೆದವರೆಲ್ಲ ಇದನ್ನು ಒಪ್ಪುವುದಿಲ್ಲ. ಸ್ಪ್ರಿಂಗ್‌ಫೀಲ್ಡ್ ಹೇಗೂ ನಡುವಿನಲ್ಲಿತ್ತು, ಊರಿನವರು 50,000 ಡಾಲರ್ ಕೊಡಲು ಒಪ್ಪಿದ್ದರು. ನನಗನ್ನಿಸುವುದು ಎರಡೂ ಸ್ವಲ್ಪ ಸ್ವಲ್ಪ ನಿಜ ಅಂತ. ಆ ಯೋಜನೆ ಮಾತ್ರ ಮುಳುಗಿತು. ರಾಜ್ಯ ದಶಕಗಳ ಕಾಲ ಸಾಲ ತೀರಿಸಬೇಕಾಯಿತು. ಲಿಂಕನ್ ಅದರ ಪರ ನಿಂತಿದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ರಾಜಧಾನಿಯ ಮತದಾನ ಆದ ಮೂರೇ ದಿನಕ್ಕೆ, ಮಾರ್ಚ್ 3ರಂದು, ಅದೇ ಕಟ್ಟಡದಲ್ಲಿ ಇನ್ನೊಂದು ನಡೆಯಿತು. ಗುಲಾಮಗಿರಿ ವಿರೋಧಿಸುವ ಸಂಘಗಳನ್ನು ಖಂಡಿಸಿ ಸಭೆ ಠರಾವು ಮಾಡಿತ್ತು. ಲಿಂಕನ್ ಮತ್ತು ಅವರದೇ ಕೌಂಟಿಯ ಶಾಸಕ ಡ್ಯಾನ್ ಸ್ಟೋನ್ ಇಬ್ಬರೇ ಎದುರು ಬರೆದುಕೊಟ್ಟರು. ಗುಲಾಮಗಿರಿಯ ಬುಡವೇ ಅನ್ಯಾಯ, ಅದು ಕೆಟ್ಟ ನೀತಿ ಎಂದು. ಆ ಸಂಘಗಳ ದಾರಿಯೂ ಸರಿಯಿಲ್ಲ ಅಂತಲೂ ಸೇರಿಸಿದ್ದರು, ತುಂಬಾ ಜೋಪಾನದ ಬರಹ ಅದು. ಆದರೂ 28 ವರ್ಷದ ಹುಡುಗ, ಮತ ಬೇಕಾದವನು, ಇಬ್ಬರೇ ನಿಂತು ಸಹಿ ಹಾಕಿದ್ದು. ವ್ಯಾಂಡೇಲಿಯಾ ರಾಜಧಾನಿಯಾಗಿದ್ದ ಇಪ್ಪತ್ತು ವರ್ಷದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಒಂದು ಕಾಗದ. ಮುಂದೆ 1860ರಲ್ಲಿ ಅಧ್ಯಕ್ಷ ಪದವಿಗೆ ಲಿಂಕನ್ ಎದುರು ನಿಂತ ಸ್ಟೀಫನ್ ಡಗ್ಲಸ್ ಕೂಡ ಆ ಸಲ ಅದೇ ಸಭೆಯ ಸದಸ್ಯ.

ಲಿಂಕನ್ ಕಿಟಕಿಯಿಂದ ಹಾರಿದ್ದು ಈ ಕಟ್ಟಡದಲ್ಲೇನಾ?
— ಹೈಸ್ಕೂಲ್ ಹುಡುಗ, ಗುಬ್ಬಿ

ಅಲ್ಲ ಮರಿ. ಅದು 1840ರಲ್ಲಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಹೊಸ ಕಟ್ಟಡ ಇನ್ನೂ ಮುಗಿದಿರಲಿಲ್ಲ, ಸಭೆ ಒಂದು ಚರ್ಚಿನಲ್ಲಿ ಸೇರುತ್ತಿತ್ತು. ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಸದಸ್ಯರ ಸಂಖ್ಯೆ, ಆಗದಿರಲಿ ಅಂತ ಹಾರಿದರು.

ಮೊದಲ ರಾಜಧಾನಿ ಕಸ್ಕಾಸ್ಕಿಯಾ ಏನಾಯಿತು? ಅಮೆರಿಕದಲ್ಲಿ ಇಂಥ ಊರುಗಳು ಬೇರೆ ಇವೆಯೇ?
— ನಿವೃತ್ತ ನೌಕರರು, ಮಧುಗಿರಿ

ಕಸ್ಕಾಸ್ಕಿಯಾವನ್ನು ನದಿ ತಿಂದುಬಿಟ್ಟಿತು ಸಾರ್. 1881ರ ಪ್ರವಾಹದಲ್ಲಿ ಮಿಸಿಸಿಪಿ ತನ್ನ ದಾರಿ ಬಿಟ್ಟು ಕಸ್ಕಾಸ್ಕಿಯಾ ನದಿಯ ಪಾತ್ರಕ್ಕೆ ನುಗ್ಗಿತು. ಹಳೇ ಊರು ನೀರು ಪಾಲು. ಈಗ ಆ ಹೆಸರಿನಲ್ಲಿ ಇಪ್ಪತ್ತು ಚಿಲ್ಲರೆ ಜನರ ಒಂದು ಹಳ್ಳಿಯಿದೆ. ಅದು ಇಲಿನಾಯ್‌ಗೇ ಸೇರಿದ್ದು, ಆದರೆ ಮಿಸಿಸಿಪಿಯ ಆಚೆ ದಡದಲ್ಲಿ. ಹೋಗಬೇಕಾದರೆ ಪಕ್ಕದ ಮಿಸೌರಿ ರಾಜ್ಯದ ಕಡೆಯಿಂದ ಹೋಗಬೇಕು.

ಬೇರೆ ಊರುಗಳು ಬೇಕಾದಷ್ಟಿವೆ. ಇಂಡಿಯಾನಾದ ಕೋರಿಡಾನ್ 1825ರವರೆಗೆ ರಾಜಧಾನಿ. ಕ್ಯಾಲಿಫೋರ್ನಿಯಾದ ಬೆನಿಷಿಯಾ 1853-54ರಲ್ಲಿ ಒಂದು ವರ್ಷ. ಸ್ವಾತಂತ್ರ್ಯದ ಯುದ್ಧದಲ್ಲಿ ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದಾಗ ಕಾಂಗ್ರೆಸ್ 1777ರ ಸೆಪ್ಟೆಂಬರ್‌ನಲ್ಲಿ ಲ್ಯಾಂಕಸ್ಟರ್ ಊರಲ್ಲಿ ಒಂದೇ ಒಂದು ದಿನ ಕೂತು, ಅಲ್ಲಿಂದ ಯಾರ್ಕ್‌ಗೆ ಹೋಗಿ ಒಂಬತ್ತು ತಿಂಗಳು ಅಲ್ಲೇ ಇತ್ತು. ಅಂತರ್ಯುದ್ಧದ ಕೊನೆಯಲ್ಲಿ ದಕ್ಷಿಣದವರ ಸರ್ಕಾರ ಡ್ಯಾನ್‌ವಿಲ್‌ನಲ್ಲಿ ಒಂದು ವಾರ ಇತ್ತು, 1865ರ ಏಪ್ರಿಲ್‌ನಲ್ಲಿ.

ಮೇಷ್ಟ್ರೇ, ಅವರ ವಿಧಾನಸೌಧ ಇನ್ನೂ ನಿಂತಿದೆ. ನಮ್ಮ ಸುಬೇದಾರ ದಿಲಾವರ್ ಖಾನ್ ಅರಮನೆ ಎಲ್ಲಿ? ಅದನ್ನು ಉಳಿಸಿಕೊಳ್ಳಲಿಲ್ಲ ಅಂತ ನಾವು ನಮ್ಮನ್ನೇ ಬೈದುಕೊಳ್ಳಬೇಕಾ?
— ಗೃಹಿಣಿ, ಶಿರಾ

ಬೈದುಕೊಳ್ಳಬೇಡಿ ತಾಯಿ. ನಿಮ್ಮೂರಿನ ಕಥೆಯೇ ಬೇರೆ.

ವ್ಯಾಂಡೇಲಿಯಾದಿಂದ ಹೋದದ್ದು ಸರ್ಕಾರ ಮಾತ್ರ. ಹೊಲ, ಮನೆ, ಜನ ಎಲ್ಲ ಅಲ್ಲೇ ಉಳಿದರು. ಖಾಲಿಯಾದ ಕಟ್ಟಡಕ್ಕೆ ಕೆಲಸವೂ ಸಿಕ್ಕಿತು. ಅದು 1933ರವರೆಗೆ ಫಯೆಟ್ ಕೌಂಟಿಯ ಕೋರ್ಟ್ ಕಚೇರಿ ಆಗಿತ್ತು. ದಿನಾ ಜನ ಓಡಾಡುವ ಕಟ್ಟಡಕ್ಕೆ ಸೂರು ಸೋರಿದರೆ ಯಾರಾದರೂ ಹೆಂಚು ಹೊದಿಸುತ್ತಾರೆ. ಈಗ ಸರ್ಕಾರವೇ ಅದನ್ನು ಸ್ಮಾರಕವಾಗಿ ನೋಡಿಕೊಳ್ಳುತ್ತಿದೆ. ಊರಿನ ಜನಸಂಖ್ಯೆ ಇವತ್ತಿಗೂ ಏಳು ಸಾವಿರ ಚಿಲ್ಲರೆ.

ಶಿರಾ 1687ರಿಂದ 1757ರವರೆಗೆ, ಎಪ್ಪತ್ತು ವರ್ಷ, ಮೊಗಲರ ಸುಬಾದ, ಅಂದರೆ ಪ್ರಾಂತ್ಯದ ರಾಜಧಾನಿ. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡ ಎಲ್ಲ ಅದರ ಪರಗಣೆಗಳು. ಮೈಸೂರಿನವರು, ಚಿತ್ರದುರ್ಗದವರು ಕಪ್ಪ ಕೊಡಬೇಕಿತ್ತು. ದಿಲಾವರ್ ಖಾನನ ಅರಮನೆ ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆ ಕಟ್ಟಿದರು, ಅವನ ಖಾನ್ ಬಾಗ್ ತೋಟವೇ ಲಾಲ್‌ಬಾಗ್‌ಗೆ ಪ್ರೇರಣೆ ಇರಬಹುದು ಅಂತ ಗೆಜೆಟಿಯರ್ ಬರೆಯುತ್ತದೆ. ಆಮೇಲೆ ಮರಾಠರು, ಹೈದರ್, ಮತ್ತೆ ಮರಾಠರು, ಮತ್ತೆ ಟಿಪ್ಪು. ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಕಟ್ಟುವಾಗ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆದೊಯ್ದರು ಅನ್ನೋದು ಅದೇ ಗೆಜೆಟಿಯರ್‌ನ ಲೆಕ್ಕ. ನೇಯುವವರು, ಗಾರೆಯವರು, ವ್ಯಾಪಾರದವರು ಊರಲ್ಲಿಲ್ಲದ ಮೇಲೆ ಅರಮನೆಯ ಬಿದ್ದ ಗೋಡೆ ಎಬ್ಬಿಸುವವರು ಯಾರಿದ್ದರು? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತೆ.

ಹಾಗಂತ ಎಲ್ಲ ಹೋಗಿಲ್ಲ. 1651ರ ಮಲಿಕ್ ರೈಹಾನ್ ದರ್ಗಾ ಇದೆ. 1696ರ ಜುಮ್ಮಾ ಮಸೀದಿ ಇದೆ. ಕೋಟೆಯ ಗೋಡೆ, ಕಂದಕ ಇದೆ. ದರ್ಗಾಕ್ಕೂ ಮಸೀದಿಗೂ ಇವತ್ತಿಗೂ ಜನ ಹೋಗುತ್ತಾರೆ, ಅವು ಗಟ್ಟಿಯಾಗಿವೆ. ಕೋಟೆಗೆ ಯಾವ ಕೆಲಸವೂ ಇಲ್ಲ, ಅದಕ್ಕೇ ಸೊರಗಿದೆ. ಮೇಷ್ಟರಾಗಿದ್ದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿ ಪಾಠ ಮಾಡುತ್ತಿದ್ದೆ. ನಿಮ್ಮ ಮಕ್ಕಳನ್ನೂ ಒಂದು ಭಾನುವಾರ ಬೆಳಗ್ಗೆ ಸುಮ್ನೆ ಕರೆದುಕೊಂಡು ಹೋಗಿ. ಬಿಸಿಲೇರುವ ಮುಂಚೆ ಹೋಗಿ, ಶಿರಾ ಬಿಸಿಲು ನಿಮಗೆ ಹೇಳಬೇಕಾಗಿಲ್ಲ.

ಒಂದು ಕೋರಿಕೆ. ನಮ್ಮ ಹಿರಿಯರು ಶಿರಾದಿಂದ ಗಂಜಾಂಗೆ ಹೋದವರು ಅಂತಲೋ, ಹೋಗಿ ವಾಪಸ್ ಬಂದವರು ಅಂತಲೋ ಯಾರ ಮನೆಯಲ್ಲಾದರೂ ಅಜ್ಜಿ ತಾತ ಹೇಳಿದ ಮಾತಿದ್ದರೆ ಬರೆದು ಕಳಿಸಿ. ನಾಲ್ಕು ಸಾಲಾದರೂ ಸಾಕು, ಮುಂದಿನ ಸಂಚಿಕೆಯ ಜಾಗ ಅದಕ್ಕೇ ಇಟ್ಟಿದ್ದೇನೆ.